‘ನಂದು ಎಷ್ಟೇ ಸೈಜು?’

ನಮ್ಮ ಗಂಡಸರಿಗೆ ಅಂಕಿಸಂಖ್ಯೆ ಬಾಯಲ್ಲೇ ಇರುತ್ತದೆ. ಸೈಟು ಮೂವತ್ತು–ನಲವತ್ತೋ ನಲವತ್ತು–ಅರವತ್ತೋ, ಕಾರು ಲೀಟರಿಗೆ ಎಷ್ಟು ಕೊಡುತ್ತದೆ, ಕೊಹ್ಲಿ ಚೇಸ್ ಮಾಡುವಾಗ ಎಷ್ಟು ಶತಕ ಹೊಡೆದ, ತಿಂಡಿಗೆ ಮುಂಚೆ ಶುಗರ್ ಎಷ್ಟಿತ್ತು, ತಿಂಡಿ ಆದಮೇಲೆ ಎಷ್ಟಾಯಿತು – ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತಾರೆ. ಆದರೆ ಬಟ್ಟೆ ಅಂಗಡಿಯ ಹುಡುಗ ‘ಸರ್, ನಿಮ್ಮ ಸೈಜು?’ ಅಂದನೋ, ಆಸಾಮಿಯ ಕತ್ತು ತಂತಾನೇ ಹೆಂಡತಿಯ ಕಡೆ ತಿರುಗುತ್ತದೆ.

‘ಏನೇ, ನಂದು ಎಷ್ಟೇ ಸೈಜು?’

‘ನಲವತ್ತೆರಡು ಕೊಡಪ್ಪ.’

‘ನಲವತ್ತೆರಡಾ? ಮೂವತ್ತೊಂಬತ್ತಲ್ವೇನೇ?’

‘ಅದು ನಮ್ಮ ರಿಸೆಪ್ಷನ್ ಫೋಟೋದಲ್ಲಿ ಇರೋರ ಸೈಜು ಕಣ್ರೀ.’

ಹುಡುಗ ಪಾಪ, ನಗು ನುಂಗಿಕೊಂಡು ರ‍್ಯಾಕಿನ ಕಡೆ ತಿರುಗುತ್ತಾನೆ. ದಿನಕ್ಕೆ ಎಷ್ಟು ಸಲ ಇದೇ ಸಂಭಾಷಣೆ ಕೇಳಬೇಕೋ ಏನೋ!

ಹಾಗಂತ ಗಂಡಸರನ್ನೇ ಬೈದರೆ ನ್ಯಾಯವಲ್ಲ. ನಮ್ಮ ತಾತಂದಿರಿಗೆ ಈ ಪ್ರಶ್ನೆಯೇ ಎದುರಾಗಲಿಲ್ಲ. ಎಂಟು ಮೊಳದ ಪಂಚೆ ಇಪ್ಪತ್ತರ ಹುಡುಗನಿಗೂ ಅದೇ, ಎಪ್ಪತ್ತರ ಯಜಮಾನರಿಗೂ ಅದೇ. ಸಣಕಲನಾದರೆ ಎರಡು ನೆರಿಗೆ ಜಾಸ್ತಿ ಹಿಡಿದ, ಮೈ ಬಂದರೆ ಎರಡು ನೆರಿಗೆ ಬಿಟ್ಟ. ಹೊಟ್ಟೆ ಬೆಳೆದ ಸುದ್ದಿ ಮನೆ ದಾಟಿ ಹೋಗುತ್ತಿರಲಿಲ್ಲ. ಆಮೇಲೆ ಪ್ಯಾಂಟು ಬಂತು, ಹಿಂದೆಯೇ ಟೈಲರ್ ಬಂದ. ಅವನ ಕಾಲದಲ್ಲೂ ಅಳತೆ ಅವನ ತಲೆನೋವೇ ಹೊರತು ನಮ್ಮದಲ್ಲ. ಅವನು ಟೇಪು ಹಿಡಿದು ‘ಉದ್ದ, ಸೊಂಟ, ಸೀಟು, ತೊಡೆ, ಬಾಟಮ್’ ಎಂದು ಒಂದೊಂದಕ್ಕೂ ಒಂದು ನಂಬರು ಕೂಗುತ್ತಿದ್ದ. ಹುಡುಗ ಬಿಲ್ ಬುಕ್ಕಿನಲ್ಲಿ ಗೀಚಿಕೊಂಡು, ಬಟ್ಟೆಯ ಮೂಲೆಯಿಂದ ಒಂದು ಚೂರು ಕತ್ತರಿಸಿ ಅದಕ್ಕೆ ಪಿನ್ ಹೊಡೆಯುತ್ತಿದ್ದ. ಅದೂ ಬೇಡವೆಂದರೆ ‘ಅಳತೆಗೆ’ ಅಂತ ಒಂದು ಹಳೇ ಶರ್ಟು ಕೊಟ್ಟು ಬಂದರಾಯಿತು. ನಮ್ಮ ಮೈಯ ಲೆಕ್ಕವೆಲ್ಲ ಅವನ ಪುಸ್ತಕದಲ್ಲಿ, ನಾವು ನಿಶ್ಚಿಂತೆ.

ಈಗ ರೆಡಿಮೇಡ್ ಅಂಗಡಿಯಲ್ಲಾಗಲಿ, ಮೊಬೈಲಿನಲ್ಲಾಗಲಿ, ನಂಬರು ನಾವೇ ಒದರಬೇಕು. ಟೀ ಶರ್ಟಾದರೆ ಎಂ, ಎಲ್ ಅಂತ ಏನೋ ಒಂದು ಹೇಳಿ ಬಚಾವಾಗಬಹುದು. ಕೋಟು, ಕಾಲರ್ ಶರ್ಟು, ಇಸ್ತ್ರಿ ಪ್ಯಾಂಟು, ಲೇಸಿನ ಚರ್ಮದ ಶೂ ಹಾಗಲ್ಲ. ಅರ್ಧ ಇಂಚಿಗೂ ಲೆಕ್ಕ ಕೇಳುವಂಥವು. ಸಾಲದ್ದಕ್ಕೆ ಒಂದೊಂದರದು ಒಂದೊಂದು ಲೆಕ್ಕ. ಬನಿಯನ್ನಿನ 95 ಅಂದರೆ ಎದೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ಕೋಟಿನ 40 ಕೂಡ ಎದೆಯದೇ, ಆದರೆ ಇಂಚಿನಲ್ಲಿ. ಅದೇ ಕೋಟನ್ನು ಇಟಲಿಯವನು ಹೊಲಿದರೆ 50 ಅನ್ನುತ್ತಾನೆ. ಎದೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅರ್ಧ ಮಾಡುವುದು ಅವನ ಪದ್ಧತಿ. ಇನ್ನು ಫಾರ್ಮಲ್ ಶರ್ಟಿನ ಕಾಲರಿನೊಳಗೆ ಬರೆದ 40 ಎದೆಯದೆಂದೇ ಬಹಳ ಜನ ನಂಬಿದ್ದಾರೆ. ಅದು ಸಾಮಾನ್ಯವಾಗಿ ಕತ್ತಿನ ಅಳತೆ, ಮತ್ತೆ ಸೆಂಟಿಮೀಟರಿನಲ್ಲಿ. ಮೇಲಿನ ಗುಂಡಿ ಹಾಕಿದಾಗ ಕಾಲರಿನೊಳಗೆ ಎರಡು ಬೆರಳು ಹೋಗಬೇಕು. ನಮ್ಮವರು ಮೇಲಿನ ಗುಂಡಿ ಹಾಕಿ ನೋಡುವುದೇ ಇಲ್ಲವಲ್ಲ! ಟೈ ಕಟ್ಟುವ ದಿನ ಬಂದಾಗ ಕಣ್ಣಾಲಿ ಹೊರಗೆ ಬರುತ್ತದೆ.

ಸೊಂಟದ ವಿಷಯ ಮಾತ್ರ ಅಳತೆಯದಲ್ಲ, ಮಾನದ ಪ್ರಶ್ನೆ. ‘ಕಾಲೇಜಿನಿಂದ ಇವತ್ತಿನವರೆಗೂ ನಂದು ಥರ್ಟಿಫೋರೇ’ ಎಂದು ಎದೆ ತಟ್ಟಿಕೊಳ್ಳುವ ಯಜಮಾನರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅವರು ಹೇಳುವುದು ಸುಳ್ಳಲ್ಲ. 34 ಇದ್ದಲ್ಲೇ ಇದೆ, ಪ್ಯಾಂಟು ಮಾತ್ರ ವರ್ಷಾವರ್ಷ ಕೆಳಗಿಳಿಯುತ್ತಾ ಬಂದಿದೆ. ಒಂದು ಕಾಲಕ್ಕೆ ಹೊಕ್ಕುಳದ ಹತ್ತಿರ ಇದ್ದದ್ದು ಈಗ ಹೊಟ್ಟೆಯ ಕೆಳಗಡೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನೆಲೆ ನಿಂತಿದೆ. ಬೆಲ್ಟಿನ ಬಕಲನ್ನು ಸ್ವತಃ ಯಜಮಾನರೇ ನೋಡಿ ವರ್ಷಗಳಾಗಿರಬಹುದು. ತೊಂದರೆ ಶುರುವಾಗುವುದು ಅವರಿಗೆ ಹಳೇ ಶೈಲಿಯ, ನೆರಿಗೆ ಇಟ್ಟ ಸೂಟಿನ ಪ್ಯಾಂಟು ಬೇಕೆನಿಸಿದಾಗ. ಅದು ಕೂರಬೇಕಾದದ್ದು ಹೊಕ್ಕುಳದ ಮಟ್ಟಕ್ಕೇ. ಅಲ್ಲಿಗೆ 34 ಎಳೆದರೆ ಗುಂಡಿ ಒಂದು ತಾಲ್ಲೂಕಿನಲ್ಲಿ, ಕಾಜಾ ಇನ್ನೊಂದು ತಾಲ್ಲೂಕಿನಲ್ಲಿ.

ಕಂಪನಿಯವರಿಗೂ ಈ ಗುಟ್ಟು ಗೊತ್ತು. ಗಿರಾಕಿಯ ಮನಸ್ಸು ನೋಯಿಸಬಾರದೆಂದು ಪಟ್ಟಿಯಲ್ಲಿ ಒಂದು ನಂಬರು ಬರೆದು, ಹೊಲಿಗೆಯಲ್ಲಿ ಇನ್ನೊಂದು ಬಿಡುತ್ತಾರೆ. 2010ರಲ್ಲಿ ಅಮೆರಿಕದ ‘ಎಸ್ಕ್ವೈರ್’ ಪತ್ರಿಕೆ ಬೇರೆ ಬೇರೆ ಬ್ರ್ಯಾಂಡಿನ 36ರ ಪ್ಯಾಂಟುಗಳನ್ನು ತಂದು ಟೇಪು ಹಿಡಿದು ನೋಡಿತು. ಒಂದು ಪ್ಯಾಂಟಂತೂ 41 ಇಂಚು ಇತ್ತು! ಐದಿಂಚು ಮುಖಸ್ತುತಿ. ನಮ್ಮ ಪಟ್ಟಿಗಳು ಹೇಳುವುದನ್ನೂ ಟೇಪು ಹಿಡಿಯದೆ ನಂಬಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ, ಉಸಿರು ಎಳೆದುಕೊಳ್ಳದೆ, ಬರಿಮೈ ಮೇಲೆ. ಬಂದ ನಂಬರನ್ನು ಯಾರಿಗೂ ಹೇಳಬೇಕಾಗಿಲ್ಲ. ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಕೋಟಿನ ಯೋಗ ನಮ್ಮಲ್ಲಿ ಬಹುಮಟ್ಟಿಗೆ ಆರತಕ್ಷತೆಯ ಸಂಜೆ ಕೂಡಿಬರುತ್ತದೆ. ಸೂಟು ಮಾಡುವವರ ಪ್ರಪಂಚದಲ್ಲಿ ಒಂದು ನಂಬಿಕೆಯಿದೆ: ಗಂಡಸಿನ ಎದೆಗಿಂತ ಸೊಂಟ ಆರು ಇಂಚು ಕಮ್ಮಿ. ಅದಕ್ಕೇ 40ರ ಕೋಟಿನ ಜೊತೆ 34ರ ಪ್ಯಾಂಟು ಇಟ್ಟು ಮಾರುತ್ತಾರೆ. ನಮ್ಮ ಮದುವೆ ಗಂಡುಗಳಲ್ಲಿ ಆ ಆರು ಇಂಚನ್ನು ಹುಡುಕಿ ತೋರಿಸಿ ನೋಡೋಣ. ಐಟಿ ಕಂಪನಿಯ ಕ್ಯಾಂಟೀನು ಒಂದಿಷ್ಟು ತುಂಬಿದೆ, ನಿಶ್ಚಿತಾರ್ಥದಿಂದೀಚೆಗೆ ಭಾವೀ ಅತ್ತೆ ಮನೆ ಉಳಿದದ್ದನ್ನು ತುಂಬಿದೆ. ಹೀಗಾಗಿ ಹುಡುಗ ಹೊಟ್ಟೆಗೆ ಸರಿಯಾಗಲಿ ಅಂತ ದೊಡ್ಡ ಕೋಟು ತೊಡುತ್ತಾನೆ, ಭುಜ ಮೊಣಕೈ ಕಡೆ ಜಾರುತ್ತದೆ. ಇಲ್ಲವೇ ‘ಸ್ಲಿಮ್ ಫಿಟ್’ ಎಂಬ ಮಾಯೆಗೆ ಬಿದ್ದು ಚಿಕ್ಕದು ತೊಡುತ್ತಾನೆ, ಗುಂಡಿ ಹಾಕಿದ ಕೂಡಲೇ ಹೊಟ್ಟೆಯ ಮೇಲೆ ದೊಡ್ಡದೊಂದು ಗುಣಾಕಾರದ ಚಿಹ್ನೆ ಮೂಡುತ್ತದೆ. ನನ್ನನ್ನು ಕೇಳಿದರೆ ಜಾರಿದ ಭುಜಕ್ಕಿಂತ ಆ ಗುಣಾಕಾರವೇ ಹೆಚ್ಚು ಅಸಹ್ಯ. ವಿಡಿಯೋದವನು ಅದನ್ನೇ ಹುಡುಕಿಕೊಂಡು ಜೂಮ್ ಮಾಡುತ್ತಾನೆ.

ಕೋಟಿನಲ್ಲಿ ಮೊದಲು ನೋಡಬೇಕಾದದ್ದು ಭುಜ. ಸೊಂಟ ಬಿಡಿಸಬಹುದು, ಹಿಡಿಸಬಹುದು, ತೋಳು ಮೇಲೆತ್ತಬಹುದು. ಹೊಲಿದು ಮುಗಿದ ಭುಜಕ್ಕೆ ಕೈಹಾಕಲು ಎಂಥ ಟೈಲರೂ ಹಿಂಜರಿಯುತ್ತಾನೆ. ಟ್ರಯಲ್ ರೂಮಿನ ಗೋಡೆಗೆ ಪಕ್ಕವಾಗಿ ಒರಗಿ ನೋಡಿ: ಗೋಡೆಗೆ ಮೊದಲು ನಿಮ್ಮ ತೋಳು ತಾಗಬೇಕೇ ಹೊರತು ಕೋಟಿನ ಭುಜದ ಮೆತ್ತೆಯಲ್ಲ. ಶರ್ಟಿನ ಕಫ್ ಅರ್ಧ ಇಂಚಿನಷ್ಟು ಕಾಣಲಿ. ಕನ್ನಡಿ ಮುಂದೆ ಹೊಟ್ಟೆ ಎಳೆದುಕೊಂಡು ನಿಂತು ಹೂಂ ಅನ್ನಬೇಡಿ. ಸಾಲಾಗಿ ಬರುವ ನಂಟರಿಗೆಲ್ಲ ಕೈಮುಗಿಯುತ್ತಾ ನಿಲ್ಲುವ ಹೊತ್ತಿನಲ್ಲಿ ಉಸಿರು ಬಿಡಲೇಬೇಕಾಗುತ್ತದೆ.

ತೋಳಿನ ಉದ್ದದಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ನಮ್ಮ ಟೈಲರ್ ಭುಜದ ಮೂಳೆಯಿಂದ ಮಣಿಕಟ್ಟಿಗೆ ಅಳೆದು 24 ಅನ್ನುತ್ತಾನೆ. ಅಮೆರಿಕದ ಶರ್ಟಿನವನು ಬೆನ್ನ ಮೇಲೆ, ಕತ್ತಿನ ನಡುವಿನಿಂದ ಅಳೆಯುತ್ತಾನೆ. ಅದೇ ಕೈ ಅವನಲ್ಲಿ 33, 34 ಆಗುತ್ತದೆ. ಅಲ್ಲಿಂದ ಶರ್ಟು ತರಿಸುವಾಗ 24 ಎಂದು ಬರೆದರೆ, ಗಿರಾಕಿ ಒಂದನೇ ಕ್ಲಾಸಿನವನು ಅಂದುಕೊಂಡಾರು.

ಲಂಡನ್ನಿನ ಟೈಲರುಗಳ ಬೀದಿ ಸ್ಯಾವಿಲ್ ರೋನಲ್ಲಿ ಈ ತಾಪತ್ರಯಗಳಿಲ್ಲ. ದುಡ್ಡಿದ್ದವರಿಗೆ ಎಲ್ಲಿಯೂ ಇರುವುದಿಲ್ಲ ಬಿಡಿ. ಅಲ್ಲಿ ಒಬ್ಬೊಬ್ಬ ಗಿರಾಕಿಗೂ ಕಂದು ಕಾಗದದಲ್ಲಿ ಪ್ಯಾಟರ್ನ್ ಕತ್ತರಿಸಿ, ಹೆಸರು ಬರೆದು, ತೂಗುಹಾಕಿಟ್ಟಿರುತ್ತಾರೆ. ಅಳತೆ ಬರೆಯುವಾಗ ಗಿರಾಕಿಗೆ ತಿಳಿಯದಂತೆ ಗುಟ್ಟಿನ ಅಕ್ಷರಗಳನ್ನೂ ಬರೆಯುವ ಪದ್ಧತಿ ಇತ್ತು. ಇವರಿಗೆ ಬಲಭುಜ ಇಳಿದಿದೆ, ಇವರದು ಸೊಟ್ಟಗಾಲು ಎಂದೆಲ್ಲ. ಒಂದು ಗುರುತಿನ ಅರ್ಥ: ಗಾಡಿ ಎಳೆದು ಸೋತ ಕುದುರೆಯ ಹಾಗೆ ನಿಲ್ಲುತ್ತಾರೆ! ನಮ್ಮ ಟೈಲರುಗಳ ಬಿಲ್ ಬುಕ್ಕುಗಳಲ್ಲಿ ನಮ್ಮ ಬಗ್ಗೆ ಏನೇನು ಬರೆದಿದೆಯೋ, ಅವರ ಅಕ್ಷರ ನಮಗೆ ಓದಲು ಬಾರದಿರುವುದೇ ಕ್ಷೇಮ.

ಈಗ ಕಾಲಿಗೆ ಬೀಳೋಣ. ಶೂ ನಂಬರಿನಷ್ಟು ವಿಚಿತ್ರ ಲೆಕ್ಕ ಇನ್ನೊಂದಿಲ್ಲ. ನಮ್ಮ ಅಂಗಡಿಗಳಲ್ಲಿ ಕೇಳುವ 7, 8, 9 ಇಂಗ್ಲಿಷರ ಲೆಕ್ಕ, ಅದರ ಮೂಲಮಾನ ಜವೆಕಾಳು. ಮೂರು ಜವೆಕಾಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು. ಒಂದು ಸೈಜಿಗೂ ಮುಂದಿನದಕ್ಕೂ ಒಂದು ಕಾಳಿನ ವ್ಯತ್ಯಾಸ. ನಗಬೇಡಿ, ನಮ್ಮ ಕೌಟಿಲ್ಯನೂ ಅರ್ಥಶಾಸ್ತ್ರದಲ್ಲಿ ಎಂಟು ಜವೆಕಾಳನ್ನು ಅಡ್ಡಡ್ಡ ಜೋಡಿಸಿಯೇ ಅಂಗುಲ ಮಾಡಿದ್ದು. ಎಂಟನೇ ನಂಬರಿನ ಶೂ ಅಂದರೆ 33 ಕಾಳು, 11 ಇಂಚು. ಅದೂ ನಿಮ್ಮ ಪಾದದ ಉದ್ದವಲ್ಲ, ಶೂ ಕಟ್ಟುವ ಅಚ್ಚಿನ ಉದ್ದ. ಯುರೋಪಿನವರು ಸೆಂಟಿಮೀಟರಿನ ಮೂರನೇ ಎರಡು ಭಾಗವನ್ನು ಒಂದು ನಂಬರು ಮಾಡಿಕೊಂಡು ಅದನ್ನೇ 42 ಅನ್ನುತ್ತಾರೆ. ಅಮೆರಿಕದವರು 9 ಅನ್ನುತ್ತಾರೆ.

ಇಷ್ಟೆಲ್ಲ ಉದ್ದದ ಮಾತಾಯಿತು, ನಮ್ಮ ಕಷ್ಟವಿರುವುದು ಅಗಲದಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಮೀರಿ ಜನರ ಪಾದ ಅಳೆದರು. ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಕಂಡುಬಂತು. ನಮ್ಮದೇ ಸೈಜು ಬೇಕೆಂದು ‘ಭಾ’ ಎಂಬ ಹೆಸರಿನ ಪದ್ಧತಿಯನ್ನೂ ಸೂಚಿಸಿದರು. ಅಲ್ಲಿಯತನಕ ನಾವು ಮಾಡಿಕೊಂಡು ಬಂದ ಉಪಾಯವೆಂದರೆ, ಅಗಲ ಸಿಗಲೆಂದು ಒಂದು ನಂಬರು ದೊಡ್ಡದು ಕೊಳ್ಳುವುದು, ಹಿಮ್ಮಡಿ ಎದ್ದೆದ್ದು ಬರುವಾಗ ಒಳಗೊಂದು ಅಟ್ಟೆ ತುರುಕುವುದು. ಆಕ್ಸ್‌ಫರ್ಡ್ ಎಂಬ ಲೇಸಿನ ಚರ್ಮದ ಶೂನಲ್ಲಿ ಈ ಉಪಾಯ ಸಾಗದು, ನಡೆದಾಗ ಬೆರಳ ಬುಡದಲ್ಲಿ ಮಡಿಯಬೇಕಾದ ಚರ್ಮ ಬೇರೆಲ್ಲೋ ಮಡಿದು ಕಾಲು ಕಚ್ಚುತ್ತದೆ. ಅಗಲದ ಅಚ್ಚಿನದೇ ಕೇಳಿ ತೆಗೆದುಕೊಳ್ಳಬೇಕು. ಹಲವು ಇಂಗ್ಲಿಷ್ ಶೂ ಕಂಪನಿಗಳಲ್ಲಿ ಎಫ್ ಸಾಮಾನ್ಯ ಅಗಲ, ಜಿ ಅದಕ್ಕಿಂತ ಹೆಚ್ಚು. ಸಂಜೆ ಹೊತ್ತು, ಪಾದ ಊದಿರುವಾಗ, ನಿಂತುಕೊಂಡು, ಎರಡೂ ಕಾಲಿಗೆ ಹಾಕಿ ನೋಡಬೇಕು. ‘ಹಾಕ್ತಾ ಹಾಕ್ತಾ ಬಿಟ್ಕೊಳ್ಳುತ್ತೆ ಸರ್’ ಎನ್ನುವವನ ಮಾತು ಅರ್ಧ ನಿಜ. ಚರ್ಮ ಅಗಲಕ್ಕೆ ತುಸು ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ.

ಹಿಂದೆ ಹಳ್ಳಿಯಿಂದ ಸಂತೆಗೆ ಹೋಗುವ ಅಪ್ಪ, ಮಗನ ಪಾದದಷ್ಟು ಉದ್ದಕ್ಕೆ ಪೊರಕೆ ಕಡ್ಡಿ ಮುರಿದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಕಡ್ಡಿಗೆ ಇಂಗ್ಲೆಂಡು, ಅಮೆರಿಕ ಎಂಬ ಭೇದವಿರಲಿಲ್ಲ. ಈಗ ನೋಡಿ, ಡಾಲಸ್ಸಿನಲ್ಲಿರುವ ಅಳಿಯ ಊರಿಗೆ ಹೊರಡುವ ಮುಂಚೆ ಮಾವನಿಗೆ ಫೋನು ಮಾಡಿ ಶೂ ನಂಬರು ಕೇಳುತ್ತಾನೆ. ಮಾವ ಜನ್ಮದಲ್ಲಿ ಮೊದಲ ಸಲ ಹೆಂಡತಿಯನ್ನು ಕೇಳದೆ ‘ಎಂಟು’ ಎಂದು ಠೀವಿಯಿಂದ ಹೇಳುತ್ತಾರೆ. ಅಮೆರಿಕದ ಎಂಟು ನಮ್ಮ ಏಳು ಎಂದು ಇಬ್ಬರಿಗೂ ಹೊಳೆಯುವುದಿಲ್ಲ. ಒಂದು ಜವೆಕಾಳಿನಷ್ಟು ಚಿಕ್ಕದಾದ, ಕನ್ನಡಿಯಂತೆ ಮಿಂಚುವ ಕಪ್ಪು ಶೂ ಬಂದಿಳಿಯುತ್ತದೆ. ಅಳಿಯ ತಂದದ್ದು, ಚಿಕ್ಕದು ಅಂತ ಹೇಗೆ ಹೇಳುವುದು? ಮಾವ ಹಲ್ಲು ಕಚ್ಚಿಕೊಂಡು ಬೀಗರ ಮನೆಯ ಗೃಹಪ್ರವೇಶಕ್ಕೂ ಅದನ್ನೇ ಹಾಕಿಕೊಂಡು ಹೋಗಿ ಬರುತ್ತಾರೆ. ಬಂದವರು ಕಾಲನ್ನು ಬಿಸಿನೀರಿನ ಬಕೀಟಿನಲ್ಲಿ ಇಳಿಬಿಟ್ಟು ಕೂತಾಗ ಫೋನು.

‘ಶೂ ಹೇಗಿದೆ ಮಾವ?’

‘ಓಹೋ, ಬಹಳ ಚೆನ್ನಾಗಿದೆ ಅಳಿಯಂದ್ರೇ! ಹೇಳಿ ಮಾಡಿಸಿದ ಹಾಗಿದೆ.’

‘ಹಾಗಾದ್ರೆ ಮುಂದಿನ ಸಲ ಅದೇ ಸೈಜಲ್ಲಿ ಒಂದು ಬ್ರೌನ್ ತರ್ತೀನಿ ಬಿಡಿ.’