ಬೇಡನು ಬೇಡುವ ಬಗೆ

ಯಾವ ಶಾಸ್ತ್ರಗ್ರಂಥವನ್ನು ತೊಡಗುವುದಿದ್ದರೂ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಗ್ರಂಥದ ವಿಷಯ, ಬೇಟೆಗಾರರ ನೆರವಿಗೆಂದು ಎಕ್ಕಂಬಿಯಲ್ಲಿ ಹುಟ್ಟಿದ ಪುಟ್ಟ ಸಂಘಕ್ಕೆ ದುಡ್ಡು ಕೂಡಿಸುವುದು. ಪ್ರಯೋಜನ, ದುಡ್ಡು. ಸಂಬಂಧ, ಈ ಎರಡರ ನಡುವೆ ಇನ್ನೂ ಕಂಡುಬಂದಿಲ್ಲ. ನಾಲ್ಕನೆಯದು ‘ಅಧಿಕಾರಿ’, ಅಂದರೆ ಗ್ರಂಥವನ್ನು ಓದಲು ಅರ್ಹನಾದವನು. ಸಂಘದ ಸಭೆಯಲ್ಲಿ ಇದನ್ನು ಓದುವಾಗ ‘ಈಗ ಅಧಿಕಾರಿ’ ಎಂದು ನಾನು ಹೇಳಿದ್ದೇ ತಡ, ಇಬ್ಬರು ಸದಸ್ಯರು ಎದ್ದು ಹಿತ್ತಿಲ ಬಾಗಿಲಿಂದ ಕತ್ತಲೆಗೆ ಇಳಿದುಹೋದರು. ಏಳು ಮಂದಿ ಇದ್ದವರು ಐದಾದೆವು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ವೇದಾಂತದ ಪರಿಭಾಷೆಯೊಂದರಿಂದ ಸಹಕಾರ ತತ್ತ್ವಕ್ಕೆ ಆದ ಹಾನಿಗೆ ಇದು ಮೊದಲ ನಿದರ್ಶನವಿರಬೇಕು.

ಇನ್ನು ಸ್ಥಳನಿರ್ದೇಶ. ಶಿರಸಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ, ಬಿಸಲಕೊಪ್ಪ ದಾಟಿ, ಕಣ್ಣಿಗೆ ಜೋಂಪು ಹತ್ತುವ ಹೊತ್ತಿಗೆ ಎಕ್ಕಂಬಿ ಬರುತ್ತದೆ. ಪಡುವಲಿಗೆ ಅಡಿಕೆ ತೋಟದ ಮಲೆನಾಡು, ಮೂಡಲಿಗೆ ಭತ್ತ ಗೋವಿನಜೋಳದ ಬಯಲು. ಹಂದಿಗೆ ಈ ಭೇದವಿಲ್ಲ; ಅದು ಎರಡೂ ಕಡೆ ಉಣ್ಣುತ್ತದೆ. ಊರ ಹೆಸರಿನ ವ್ಯುತ್ಪತ್ತಿಯನ್ನು ನಾನು ‘ಏಕ ಅಂಬು’ ಎಂದು ಸಾಧಿಸಿದ್ದೇನೆ. ಒಂದೇ ಬಾಣ. ಎರಡನೆಯದಕ್ಕೆ ಕಾಸಿರಲಿಲ್ಲ ಎಂಬುದು ಸ್ಪಷ್ಟ. ನಿಧಿ ಸಂಗ್ರಹದ ಅಗತ್ಯ ಊರಿನ ಹೆಸರಿನಲ್ಲೇ ಅಡಗಿದೆ. ಚಾದಂಗಡಿಯ ಎದುರಾಳಿ ವಿದ್ವಾಂಸರೊಬ್ಬರು ‘ಎಕ್ಕದ ಗಿಡ ಕಂಡಿದ್ದೀಯೇನೋ’ ಎಂದು ಕೇಳಿದರು. ಕಂಡಿದ್ದೇನೆ. ಆದರೆ ಎಕ್ಕದ ಗಿಡದಿಂದ ಚಂದಾ ಎತ್ತಲಿಕ್ಕೆ ಬರುವುದಿಲ್ಲವಾದ್ದರಿಂದ ಅವರ ಪಕ್ಷವನ್ನು ತಳ್ಳಿಹಾಕಿದ್ದೇನೆ. ನನ್ನ ಪಕ್ಷಕ್ಕೂ ಆಧಾರವಿಲ್ಲ, ಆ ಮಾತು ಬೇರೆ.

ಭಾಷಾಶಾಸ್ತ್ರದ ಪಾಲು ಇನ್ನೂ ಇದೆ. ಕನ್ನಡದಲ್ಲಿ ಬೇಡ ಎಂದರೆ ಬೇಟೆಗಾರ. ಬೇಡು ಎಂದರೆ ಯಾಚಿಸು. ಬೇಡ ಎಂದರೆ ಒಲ್ಲೆ. ಬೇಡ ಬೇಡಿದ, ಬೇಡ ಅಂದರು: ನಮ್ಮ ಸಂಘದ ವಾರ್ಷಿಕ ವರದಿ ಇದಕ್ಕಿಂತ ಉದ್ದ ಬೆಳೆದದ್ದಿಲ್ಲ. ಹಳಗನ್ನಡಕ್ಕೆ ಹೋದರೆ ಬೇಟ ಎಂದರೆ ಪ್ರೀತಿ, ಬೇಂಟೆ ಎಂದರೆ ಮೃಗಯೆ. ನಡುವೆ ಒಂದು ಸೊನ್ನೆ ಹೆಚ್ಚು. ಹೊಸಗನ್ನಡದಲ್ಲಿ ಬೇಟೆ ಎಂದಾಗುವಾಗ ಆ ಸೊನ್ನೆ ಎಲ್ಲಿಗೆ ಹೋಯಿತೆಂದು ವೈಯಾಕರಣರು ಹೇಳುವುದಿಲ್ಲ. ನಾನು ಹೇಳಬಲ್ಲೆ. ನಮ್ಮ ಖಜಾನೆಯಲ್ಲಿದೆ, ಬಿಸ್ಕತ್ತಿನ ಡಬ್ಬಿ ತೆರೆದರೆ ಕಾಣುತ್ತದೆ.

ಸಹಾಯ ಯಾರಿಗೆ ಎಂಬುದೇ ಈ ಶಾಸ್ತ್ರದ ಮುಖ್ಯ ತೊಡಕು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಅದರ 9ನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಹಾಗಾಗಿ ಸರ್ಕಾರಿ ಲೆಕ್ಕದಲ್ಲಿ ಬೇಟೆಗಾರ ಎಂಬ ಪ್ರಾಣಿ ಇಲ್ಲ. ನಾವೇ ಮನೆಮನೆಗೆ ಹೋಗಿ ಎಣಿಸಿದೆವು. ಬೇಟೆಗಾರರು ಒಬ್ಬರೂ ಸಿಗಲಿಲ್ಲ. ಬೇಟೆಗಾರರ ಅಳಿಯಂದಿರು, ಸೋವಿಗೆ ಹೋಗಿ ಸುಮ್ಮನೆ ನಿಂತು ಬಂದವರು, ನಾಯಿ ಹುಡುಕಲು ಹೋದಾಗ ಈಡು ಕೇಳಿದವರು, ಪಾಲು ಬಂದಾಗ ಮಾತ್ರ ಮನೆಯಲ್ಲಿದ್ದವರು, ಹೀಗೆ ಬೇಕಾದಷ್ಟು ಮಂದಿ ಸಿಕ್ಕರು. ಕೋವಿಯ ವಿಷಯವೂ ಹಾಗೆಯೇ. ಬೆಳೆ ರಕ್ಷಣೆಯ ಪರವಾನಗಿ ಇದ್ದವನು ಮೊಟ್ಟೆಯನ್ನೂ ಮುಟ್ಟದ ತೋಟಿಗ. ಅವನಿಗೆ ಗುರಿ ಹಿಡಿಯಲು ಬಾರದು. ಗುರಿ ಬರುವವನಿಗೆ ಪರವಾನಗಿ ಇಲ್ಲ. ಕೋವಿ ಒಬ್ಬರದು, ಕಣ್ಣು ಇನ್ನೊಬ್ಬರದು, ಕೇಸು ಬಿದ್ದರೆ ಮೂರನೆಯವನದು. ಮಲೆನಾಡಿನ ಈ ಶ್ರಮವಿಭಜನೆಯನ್ನು ಅರ್ಥಶಾಸ್ತ್ರಜ್ಞರು ಯಾಕೆ ಗಮನಿಸಿಲ್ಲವೋ.

ಆದರೂ ಕಾಯಿದೆ ಬಂದು ಅರ್ಧ ಶತಮಾನ ದಾಟಿದೆ. ಕೇಪಿನ ಕೋವಿಯ ಸದ್ದಿಗೆ ಬಲಗಿವಿ ಕಳೆದುಕೊಂಡವರಿದ್ದಾರೆ, ಮರಸು ಕೂತು ಕೂತು ಸೊಂಟ ಹಿಡಿದವರಿದ್ದಾರೆ. ಅವರಿಗೆ ಕಿವಿಯ ಯಂತ್ರ ಕೊಡಿಸುವುದು, ನೋವಿನೆಣ್ಣೆ ತಲುಪಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಸಂಜೆ ಹೊತ್ತು ಕತೆ ಕೇಳಲು ಒಬ್ಬ ಮನುಷ್ಯನನ್ನು ಕಳಿಸುವುದು ಸಂಘದ ಉದ್ದೇಶ. ಮನೆಯವರು ಆ ಕತೆಗಳನ್ನು ಕೇಳುವುದು ಬಿಟ್ಟು ಮೂವತ್ತು ವರ್ಷವಾಗಿದೆ. ದಂಡ ಕಟ್ಟಿಕೊಡುವುದು ನಮ್ಮ ಉದ್ದೇಶವಲ್ಲ ಎಂದು ಮೊದಲ ಸಭೆಯಲ್ಲೇ ಬರೆದಿಟ್ಟೆವು. 2022ರ ತಿದ್ದುಪಡಿಯಲ್ಲಿ ಸಾಮಾನ್ಯ ಅಪರಾಧದ ದಂಡ 25 ಸಾವಿರದಿಂದ 1 ಲಕ್ಷಕ್ಕೆ ಏರಿದಾಗ ಆ ನಿರ್ಣಯದ ವಿವೇಕ ಎಲ್ಲರಿಗೂ ಮನದಟ್ಟಾಯಿತು. ದಾನಿಗಳ ಬಾಯಲ್ಲಿ ಇರುವುದು ತೆರಿಗೆ ವಿನಾಯಿತಿಯ 80ಜಿ ಕಲಮು, ಫಲಾನುಭವಿಗಳ ಬಾಯಲ್ಲಿ ಇರುವುದು ವನ್ಯಜೀವಿ ಕಾಯಿದೆಯ ಶಿಕ್ಷೆಯ 51ನೆಯ ಕಲಮು. ಒಂದೇ ಚಾಪೆಯ ಮೇಲೆ ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ಸುಲಭವಲ್ಲ.

ಪೂರ್ವಾಚಾರ್ಯರು ಏನು ಹೇಳಿದ್ದಾರೆ? ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿ ವಿವರವಾಗಿ ಬರೆದ. ಅರಸನಿಗೆ ಚಂದಾ ಎತ್ತುವ ಗೊಡವೆ ಇರಲಿಲ್ಲ, ನಮಗೆ ಉಪಯೋಗವಿಲ್ಲ. ಕಂಪನಿ ಮತ್ತು ರಾಣಿಯ ಕಾಲಕ್ಕೆ ಸರ್ಕಾರವೇ ಹುಲಿ ಕೊಂದವನಿಗೆ ಇನಾಮು ಕೊಡುತ್ತಿತ್ತು. ಅಂದರೆ ಬೇಟೆಗಾರರ ಧರ್ಮಸಂಸ್ಥೆ ಆಗ ಕಲೆಕ್ಟರ ಕಚೇರಿಯಲ್ಲೇ ಇತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಹೋಯಿತು. ಹುಲಿಗಳಿಗೆ ಅದರಿಂದ ಯಾವ ಸಮಾಧಾನವೂ ಆದಂತಿಲ್ಲ.

ನಮ್ಮ ಶಾಸ್ತ್ರಕ್ಕೆ ನಿಜವಾದ ಮೂಲಗ್ರಂಥ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಶಕ 872, ಅಂದರೆ ಕ್ರಿ.ಶ. 949–50. ಚರಿತ್ರೆಯ ಪ್ರಾಧ್ಯಾಪಕರು ಅದನ್ನು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಇದ್ದಾನೆ, ಗಂಗ ಬೂತುಗ ಇದ್ದಾನೆ, ಚೋಳ ರಾಜಾದಿತ್ಯ ಸಾಯುತ್ತಾನೆ. ಇವೆಲ್ಲ ಪೀಠಿಕೆ. ಬೂತುಗನ ಕಡೆಯ ವೀರ ಮಣಲೇರ ಪರಾಕ್ರಮ ಮೆರೆದ. ಏನು ಬೇಕೋ ಕೇಳು ಎಂದಾಗ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಬೇಡುವ ಕಲೆಯಲ್ಲಿ ಇದಕ್ಕಿಂತ ಮೇಲಾದ ಮಾದರಿ ನನಗೆ ಸಿಕ್ಕಿಲ್ಲ. ಊರು ಕೇಳಬಹುದಿತ್ತು, ಕೇಳಲಿಲ್ಲ. ಕೊಡುವವನಿಗೆ ಹಗುರ, ಪಡೆಯುವವನಿಗೆ ಪ್ರಾಣ.

ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಗದ್ದೆ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟುವುದೆಂದೂ ಕೆತ್ತಿಸಿದರು. ಇದರಲ್ಲಿ ಏನು ಕಡಿಮೆಯಿದೆ ನೋಡಿ. ಸ್ಥಿರಾಸ್ತಿ ಉಂಟು, ಟ್ರಸ್ಟಿ ಉಂಟು, ಟ್ರಸ್ಟಿ ತಪ್ಪಿದರೆ ಶಿಕ್ಷೆಯ ಕಲಮು ಉಂಟು. ಬೇಟೆಯಲ್ಲಿ ಸತ್ತ ಬಡಜೀವವೊಂದರ ಹೆಸರಿನಲ್ಲಿ ಕನ್ನಡ ನಾಡು ಕಟ್ಟಿದ ದತ್ತಿನಿಧಿ ಇದು. ಹಂದಿ ಹೊಡೆದ ನಾಯಿಗೆ ಗದ್ದೆ ಸಿಕ್ಕ ನಾಡಿನಲ್ಲಿ ಹಂದಿ ಹೊಡೆದ ಮನುಷ್ಯನ ನೋವಿನೆಣ್ಣೆಗೆ ನೂರು ರೂಪಾಯಿ ಹುಟ್ಟುವುದಿಲ್ಲವಲ್ಲ! ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿಗೊಂದು ನಿಯೋಗ ಹೋಗಿಬರಬೇಕೆಂದು ಸಭೆ ಒಪ್ಪಿತು. ಬಸ್ ಚಾರ್ಜಿಗೆ ಮೊದಲು ನಿಧಿ ಸಂಗ್ರಹವಾಗಬೇಕು.

ನಾಯಿಯ ಪಾಪದ ಕಲಮನ್ನು ನಮ್ಮ ರಶೀದಿ ಪುಸ್ತಕದ ಬೆನ್ನಿಗೆ ಅಚ್ಚು ಹಾಕಿಸುವ ಸೂಚನೆಯೂ ಬಂದಿತ್ತು. ಖಜಾಂಚಿ ಏಕೋ ವಿರೋಧಿಸಿದರು.

ಈಗ ಉಪಾಯಗಳು. ನಮ್ಮ ಸೀಮೆಯಲ್ಲಿ ಗಣಪತಿ ಏಳುವ ದಿನ ಫಲಾವಳಿಯ ಲಿಲಾವು ನಡೆಯುತ್ತದೆ. ಮೂವತ್ತು ರೂಪಾಯಿಯ ತೆಂಗಿನಕಾಯಿ ಇಬ್ಬರು ದಾಯಾದಿಗಳ ನಡುವೆ ಸಿಕ್ಕಿಬಿದ್ದು ಸಾವಿರ ದಾಟುವುದನ್ನು ಎಲ್ಲರೂ ಕಂಡಿದ್ದಾರೆ. ಬೆಲೆ ಕಾಯಿಯದಲ್ಲ, ಗಡಿಬೇಲಿಯದು. ಇದೇ ತತ್ತ್ವದ ಮೇಲೆ ‘ಮೊದಲ ಈಡು ನನ್ನದು’ ಎಂದು ಹೇಳಿಕೊಳ್ಳುವ ಹಕ್ಕನ್ನು ವರ್ಷಕ್ಕೊಮ್ಮೆ ಲಿಲಾವಿಗೆ ಇಡಬಹುದು. ಹಳೆಯ ಒಂದು ಹಂದಿಯ ಕುರಿತು ಎರಡು ಮನೆಗಳ ನಡುವೆ ಇಂದಿಗೂ ಮಾತುಕತೆ ಇಲ್ಲ. ಒಳ್ಳೆಯ ಮೊತ್ತ ಏಳುತ್ತದೆ. ಲಾಟರಿ ಆಗದು, ರಾಜ್ಯದಲ್ಲಿ ಅದು 2007ರಿಂದ ಬಂದ್. ಮೊದಲ ಬಹುಮಾನ ಏನೆಂದು ಚೀಟಿಯ ಮೇಲೆ ಅಚ್ಚು ಹಾಕುವ ಧೈರ್ಯ ಹೇಗೂ ಯಾರಿಗೂ ಇರಲಿಲ್ಲ.

ಸಹಾಯಾರ್ಥ ಯಕ್ಷಗಾನ ಎಲ್ಲರೂ ಮಾಡುವುದೇ. ಪ್ರಸಂಗ ಬೇಕಾದರೆ ಕಿರಾತಾರ್ಜುನರ ಕಾಳಗವಿದೆ: ಒಂದು ಹಂದಿ, ಎರಡು ಬಾಣ, ಹೊಡೆದದ್ದು ಯಾರೆಂದು ಬೆಳಗಿನವರೆಗೆ ಜಗಳ. ನಮ್ಮ ಹಿರಿಯ ಫಲಾನುಭವಿಯೊಬ್ಬರು ತಾಲೀಮು ನೋಡಿ ಕಣ್ಣೊರೆಸಿಕೊಂಡರು. ಶಿವನಿಗೂ ಪಾಲಿನ ತಕರಾರು ತಪ್ಪಲಿಲ್ಲವಲ್ಲ ಎಂದು ಅವರಿಗೆ ಸಮಾಧಾನವಾಗಿತ್ತು.

ಶಿರಸಿಯ ಬೇಡರ ವೇಷವನ್ನು ಬಿಟ್ಟರೆ ಈ ಗ್ರಂಥ ಅಪೂರ್ಣ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿಯ ಮುಂಚಿನ ರಾತ್ರಿಗಳಲ್ಲಿ ಪೇಟೆಗೆ ಬೇಡ ಇಳಿಯುತ್ತಾನೆ. ಬೆನ್ನಿಗೆ ನವಿಲುಗರಿಯ ಹೊರೆ, ಕೆಂಪು ಮುಖ, ಕೆನ್ನೆ ತುಂಬುವ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಜಗ್ಗಿ ಹಿಡಿಯದಿದ್ದರೆ ಜನರ ಮೇಲೇ ಎರಗುತ್ತಾನೆ. ಮಲ್ಲೇಶಿ ಎಂಬ ಬೇಡ ಮದವೇರಿ ಊರನ್ನೇ ಕಾಡಿದ, ರುದ್ರಾಂಬಿಕೆ ಉಪಾಯದಿಂದ ಅವನನ್ನು ಕೆಡವಿದಳು ಎಂಬುದು ಐತಿಹ್ಯ. ತಮಟೆ ಕೇಳಿದೊಡನೆ ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತುಕೊಂಡು ಜನ ಬೀದಿಗೆ ಬರುತ್ತಾರೆ. ಪೊಲೀಸರೂ ನಿಂತು ನೋಡುವ ಬೇಡ ಇವನೊಬ್ಬನೇ. ನಾವೂ ಒಂದು ವೇಷ ಕಟ್ಟಿ ಹಿಂದೆ ಡಬ್ಬಿ ಹಿಡಿದು ನಡೆಯುವುದೆಂದು ಯೋಚಿಸಿದೆವು. ಅಸಲಿ ಬೇಟೆಗಾರನೇ ವೇಷ ಹಾಕಲಿ, ಅದರಲ್ಲಿ ಸತ್ಯವಿರುತ್ತದೆ ಎಂದು ನಾನು ವಾದಿಸಿದೆ. ಅಭ್ಯಾಸಕ್ಕೆ ಬಂದ ಅಜ್ಜ ಎರಡು ಸುತ್ತು ಕುಣಿದು ಕುಳಿತರು. ಹಗ್ಗ ಹಿಡಿದವರು ಹಿಂದಕ್ಕೆ ಜಗ್ಗುವ ಬದಲು ಮೇಲಕ್ಕೆ ಎತ್ತಬೇಕಾಯಿತು.

ಹೊರದೇಶದ ಕಡೆಗೂ ನೋಡಿದೆ. ಅಮೆರಿಕದಲ್ಲಿ 1934ರಿಂದ ಬಾತುಕೋಳಿ ಹೊಡೆಯುವವನು ಒಂದು ಚೀಟಿ ಕೊಳ್ಳಬೇಕು. 1937ರ ಕಾಯಿದೆಯಂತೆ ಬೇಟೆಯ ಬಂದೂಕು ತೋಟಾಗಳ ಮೇಲೆ ನೂರಕ್ಕೆ 11ರ ತೆರಿಗೆ. ಆ ಹಣ ಕಾಡುಪ್ರಾಣಿಗಳ ರಕ್ಷಣೆಗೆ. ಅಲ್ಲಿ ಬೇಟೆಗಾರ ಕೊಡುವವನು. ಎಕ್ಕಂಬಿಯಲ್ಲಿ ಅವನು ಕೊಳ್ಳುವುದು ಬೀಡಿ ಮತ್ತು ಬ್ಯಾಟರಿ ಸೆಲ್ಲು; ಅದರ ಮೇಲೆ ತೆರಿಗೆ ಈಗಾಗಲೇ ಇದೆ. ಹಾಗಾದರೆ ಅವನ ಬಳಿ ತೆರಿಗೆ ಬೀಳದೆ ಉಳಿದಿರುವ ಸಂಪತ್ತು ಯಾವುದು?

ಕತೆ. ಇಲ್ಲಿಗೆ ಈ ಗ್ರಂಥದ ಸಿದ್ಧಾಂತ ಪಕ್ಷ. ನಮ್ಮ ಸೀಮೆಯಲ್ಲಿ ಹಂದಿ ಬದುಕಿದ್ದಾಗ ಬೆಳೆಯುವುದಕ್ಕಿಂತ ಸತ್ತ ಮೇಲೆ ಹೆಚ್ಚು ಬೆಳೆಯುತ್ತದೆ. ತಪ್ಪಿಸಿಕೊಂಡದ್ದು ಎಲ್ಲಕ್ಕಿಂತ ವೇಗವಾಗಿ. ಕಾಯಿದೆಯ ಭಯದಿಂದ ಎಲ್ಲ ಹಂದಿಗಳನ್ನೂ 1972ಕ್ಕೆ ಮೊದಲೇ ಹೊಡೆದಿರುತ್ತಾರೆ. ನಲವತ್ತು ದಾಟದ ಒಬ್ಬರು 1971ರಲ್ಲಿ ಹೊಡೆದ ಹಂದಿಯನ್ನು ಆಣೆ ಹಾಕಿ ವಿವರಿಸಿದ್ದು ನಡಾವಳಿಯಲ್ಲಿದೆ. ಆದ್ದರಿಂದ ಸೂತ್ರ: ನೂರು ಕಿಲೋವರೆಗೆ ಹಂದಿಗೆ ವಿನಾಯಿತಿ. ಮೇಲಿನ ಪ್ರತಿ ಕಿಲೋಗೆ, ಪ್ರತಿ ಸಲ ಹೇಳಿದಾಗಲೂ, ಒಂದು ರೂಪಾಯಿ. ಕೋರೆಯ ಉದ್ದಕ್ಕೆ ಬೇರೆ ದರ. ಕೇಳುಗ ಆಕಳಿಸಿದರೆ ಅರ್ಧ ರಿಯಾಯಿತಿ. ಆಕ್ಷೇಪ ಬಂದದ್ದು ಒಂದೇ: ತೆರಿಗೆ ಬಿದ್ದರೆ ಹಂದಿಗಳು ಸಣ್ಣವಾಗಿಬಿಟ್ಟಾವು. ಹಾಗಾಗುವುದಿಲ್ಲವೆಂದು ನಾನು ಮನುಷ್ಯ ಸ್ವಭಾವದ ಆಧಾರದಿಂದ ವಾದ ಮಂಡಿಸುತ್ತಿದ್ದೆ.

ಆಗ ಹಿತ್ತಿಲಲ್ಲಿ ಸದ್ದಾಯಿತು. ಮೊದಲು ಬಾಗಿಲು ದೂಡಿಕೊಂಡು ಒಳಗೆ ಬಂದವರು ‘ಅಧಿಕಾರಿ’ ಎಂದಾಗ ಹೊರಗೆ ಹೋಗಿದ್ದ ಆ ಇಬ್ಬರು. ಅವರ ಹಿಂದೆ, ಕೆಸವಿನ ಮಡಿಯಲ್ಲಿ, ಹಂದಿ. ಸಾಕ್ಷಾತ್ ಹಂದಿ, ಗಡ್ಡೆ ಅಗೆಯುತ್ತಿತ್ತು. ಸೀಮೆಯ ಗುರಿಕಾರರೆಲ್ಲ ಒಂದೇ ಜಗುಲಿಯಲ್ಲಿ ಕೂತಿದ್ದರು. ಕೋವಿಗಳು ಮಾತ್ರ ಅಲ್ಲಿರಲಿಲ್ಲ. ಚುನಾವಣೆ ಘೋಷಣೆಯಾಗಿತ್ತಾದ್ದರಿಂದ ಹೆಸರಿನ ಚೀಟಿ ಕಟ್ಟಿಸಿಕೊಂಡು ಪೊಲೀಸ್ ಠಾಣೆಯಲ್ಲಿ ಠೇವಣಿಯಾಗಿದ್ದವು. ಮತದಾನ ಮುಗಿಯುವವರೆಗೆ ಹಂದಿಯೂ ನೀತಿ ಸಂಹಿತೆ ಪಾಲಿಸಬೇಕೆಂಬ ನಿಯಮ ಇಲ್ಲ. ಅಧ್ಯಕ್ಷರು ಬ್ಯಾಟರಿ ಬಿಟ್ಟರು. ಹಂದಿ ಒಮ್ಮೆ ತಲೆಯೆತ್ತಿ ಸಭೆಯನ್ನು ನೋಡಿತು, ಮಡಿ ಪೂರ್ತಿ ಮುಗಿಸಿತು, ಬಾಳೆಯ ಕಡೆಗೆ ಹೋಯಿತು. ಒಳಗಿದ್ದವರನ್ನು ಎಣಿಸಿದೆ. ಏಳು.

ಮಧ್ಯಮ ಗಾತ್ರದ ಹಂದಿ. ಅರವತ್ತು ಕಿಲೋ ಇದ್ದೀತು, ನಾನೇ ಕಂಡಿದ್ದೇನೆ. ಮರುದಿನ ಬೆಳಿಗ್ಗೆ ಕ್ರಾಸಿನ ಚಾದಂಗಡಿಯಲ್ಲಿ ಅದು ನೂರಾ ನಲವತ್ತು ಇತ್ತು, ಹನ್ನೊಂದು ಗಂಟೆಯ ಬಸ್ಸಿಗೆ ನೂರಾ ಎಂಬತ್ತು. ರಶೀದಿ ಪುಸ್ತಕ ತೆರೆದು ಒಂದನೆಯ ನಂಬರಿನ ಹಾಳೆ ಹರಿದೆ. ಎಂಬತ್ತು ರೂಪಾಯಿ. ಕೊಡುವಾಗ ಕತೆ ಹೇಳಿದವರು, ‘ಇನ್ನೂರು ಅಂತಲೇ ಬರಿ ಮಾರಾಯಾ, ಚಿಲ್ಲರೆ ಇಲ್ಲೆ’ ಎಂದು ನೂರರ ನೋಟು ಚಾಚಿದರು.