ಒಂಟಿಗೊಂದು ಸಂಬಂಧ

ನಮ್ಮ ವಂಶದಲ್ಲಿ ಯಾರಾದರೂ ಒಂಟಿಯಾಗಿರುವುದನ್ನು ಕಂಡರೆ ಉಳಿದವರಿಗೆ ಅನ್ನ ಸೇರುವುದಿಲ್ಲ. ಬಸ್ಸಿನಲ್ಲಿ ಒಬ್ಬರೇ ಕೂತು ನೆಮ್ಮದಿಯಾಗಿ ಕಿಟಕಿಯಾಚೆ ನೋಡುತ್ತಿದ್ದರೂ ಪಕ್ಕಕ್ಕೆ ಹೋಗಿ ಕೂತು ‘ಯಾವೂರಾಯಿತು?’ ಎಂದು ಕೇಳಿಯೇ ತೀರುವ ಜನ. ಐವತ್ತು ದಾಟಿದ ಬ್ರಹ್ಮಚಾರಿಯಾದ ನಾನು ಈ ಕರುಣೆಯ ಖಾಯಂ ಫಲಾನುಭವಿ. ಯಾವ ಗೃಹಪ್ರವೇಶಕ್ಕೆ ಹೋದರೂ ಎಲೆಯ ಮೇಲೆ ಹೋಳಿಗೆಗಿಂತ ಮೊದಲು ಒಂದು ಸಂಬಂಧ ಬಂದು ಬೀಳುತ್ತಿತ್ತು. ಈಚೆಗೆ ಅದು ನಿಂತಿದೆ. ನನ್ನ ನರೆಗೂದಲಿಗೆ ಮರ್ಯಾದೆ ಕೊಟ್ಟು ನಿಲ್ಲಿಸಿದರು ಎಂದುಕೊಳ್ಳಬೇಡಿ. ಅವರಿಗೆ ನನಗಿಂತ ಕರುಣಾಜನಕವಾದ ಕೇಸು ಸಿಕ್ಕಿದೆ: ಅಣ್ಣನ ಮಗಳು ಗಾಜಿನ ತೊಟ್ಟಿಯಲ್ಲಿ ಸಾಕಿರುವ ಆಕ್ಸೊಲಾಟಲ್.

ಗೇಣುದ್ದದ ಪ್ರಾಣಿ. ತೆಳು ಗುಲಾಬಿ ಮೈ, ಕಪ್ಪು ಚುಕ್ಕಿ ಕಣ್ಣು, ಯಾರೋ ಜೋಕು ಹೇಳಿ ಈಗಷ್ಟೇ ಎದ್ದು ಹೋದರೇನೋ ಎನ್ನಿಸುವ ಬಾಯಿ. ಮೀನಲ್ಲ, ಸಾಲಮಾಂಡರ್ ಜಾತಿಯ ಉಭಯವಾಸಿ. ನಮ್ಮ ಪಶ್ಚಿಮಘಟ್ಟದಲ್ಲಿ ಕಪ್ಪೆಗಳಿಗೆ ಬರವಿಲ್ಲದಿದ್ದರೂ ಸಾಲಮಾಂಡರ್ ಒಂದೂ ಇಲ್ಲ. ಹಾಗಾಗಿ ಇದನ್ನು ಯಾವ ಗೋತ್ರಕ್ಕೆ ಸೇರಿಸಬೇಕೆಂದು ನಮ್ಮವರಿಗೆ ತಿಳಿಯಲಿಲ್ಲ. ಇದರ ನೆಂಟರಿಷ್ಟರಲ್ಲಿ ಹೆಚ್ಚಿನವರು ವಯಸ್ಸಿಗೆ ಬಂದಾಗ ಕಿವಿರು ಕಳಚಿಕೊಂಡು, ನೆಲಕ್ಕೆ ಹತ್ತಿ, ಸಂಸಾರಸ್ಥರಾಗುತ್ತಾರೆ. ಇದು ಆ ಗೋಜಿಗೇ ಹೋಗುವುದಿಲ್ಲ. ತಲೆಯ ಎರಡೂ ಬದಿಗೆ ಮೂರು ಮೂರು ಗರಿಗರಿ ಕಿವಿರುಗಳನ್ನು ಬಾಲ್ಯದಲ್ಲಿದ್ದ ಹಾಗೆಯೇ ಬಿಟ್ಟುಕೊಂಡು, ಹತ್ತು ಹದಿನೈದು ವರ್ಷದ ಆಯುಷ್ಯವನ್ನೆಲ್ಲ ನೀರಿನಲ್ಲೇ ಮುಗಿಸುತ್ತದೆ. ಈ ವಿಷಯವನ್ನು ವಿವರಿಸಿದಾಗ ತುಮಕೂರಿನ ದೊಡ್ಡಮ್ಮ ಹೇಳಿದ್ದು ಒಂದೇ ಮಾತು: ‘ತಲೆ ಮೇಲೆ ಜವಾಬ್ದಾರಿ ಬಿದ್ರೆ ತಾನಾಗಿ ದೊಡ್ಡದಾಗುತ್ತೆ.’ ಹೇಳುವಾಗ ನೋಡಿದ್ದು ನನ್ನ ಕಡೆಗೆ.

ಹುಡುಗಿ ಬುದ್ಧಿವಂತೆ. ಕೇಂದ್ರ ಸರ್ಕಾರದ ಪರಿವೇಶ್ ತಾಣದಲ್ಲಿ ಪ್ರಾಣಿಯ ಹೆಸರು ನೋಂದಾಯಿಸಿ ಕಾಗದಪತ್ರ ಸರಿಮಾಡಿಕೊಂಡೇ ಸಾಕುತ್ತಿದ್ದಾಳೆ. ತೊಟ್ಟಿಯ ನೀರು ತಣ್ಣಗಿರಲೆಂದು ಚಿಲ್ಲರ್ ಹಾಕಿಸಿದ್ದಾಳೆ. ಇದಕ್ಕೆ ಹಿತವಾದದ್ದು 16ರಿಂದ 18 ಡಿಗ್ರಿ. 24 ದಾಟಿತೆಂದರೆ ಊಟ ಬಿಟ್ಟು ಕಾಯಿಲೆ ಬೀಳುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಕರೆಂಟು ಬಿಲ್ಲು ಕಟ್ಟುವ ಅಣ್ಣ ಬನಿಯನ್ನಿನಲ್ಲಿ ಪಂಚೆಯ ತುದಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ, ಎದುರಿಗೆ ಇದು ಊಟಿಯಲ್ಲಿ ಕೂತು ನಗುತ್ತಿರುತ್ತದೆ.

ಇಷ್ಟೆಲ್ಲ ಅನುಕೂಲವಿರುವ ವರ ಒಂಟಿಯಾಗಿರುವುದೆಂದರೆ! ಮೊದಲ ಪ್ರಸ್ತಾಪ ತಂದವನು ನನ್ನ ಭಾವ. ಗೋಲ್ಡ್‌ಫಿಶ್ ಕಡೆಯದು. ನೋಡಲು ಲಕ್ಷಣ, ಸಾಧು ಸ್ವಭಾವ, ಮೇಲಾಗಿ ತಂಪು ನೀರಿನಲ್ಲೂ ಬಾಳಬಲ್ಲದ್ದು. ಜಾತಕ ಕೂಡಿತೆಂದೇ ಎಲ್ಲರ ಲೆಕ್ಕ. ಹುಡುಗಿ ಮಾತ್ರ ಒಪ್ಪಲಿಲ್ಲ. ಗೋಲ್ಡ್‌ಫಿಶ್ ಸಾಧುವೇ ಹೌದು, ಆದರೆ ಅದರ ಬಾಯಿಗೆ ಬಿಡುವಿಲ್ಲ; ಬೆಳಗಿನಿಂದ ರಾತ್ರಿಯವರೆಗೆ ಏನನ್ನಾದರೂ ಚಪ್ಪರಿಸುತ್ತಲೇ ಇರಬೇಕು. ನೀರಿನಲ್ಲಿ ಅಲುಗಾಡುವ ಕಿವಿರು ಅದಕ್ಕೆ ಹುಳುವಾಗಿ ಕಾಣುತ್ತದೆ. ಒಂದು ಸಲ ಕಚ್ಚಿ ರುಚಿ ನೋಡಿತೆಂದರೆ ಮುಗಿಯಿತು. ಸಾಲದ್ದಕ್ಕೆ ಮೀನು ತನ್ನ ತವರಿನ ಪರೋಪಜೀವಿಗಳನ್ನೂ ಹೊತ್ತು ತರುತ್ತದೆ. ಅದು ಮಾಡುವ ಗಲೀಜಿನಿಂದ ನೀರಿನಲ್ಲಿ ಅಮೋನಿಯಾ ಏರಿ, ಚರ್ಮದಿಂದಲೂ ಉಸಿರಾಡುವ ಈ ಬಡಪಾಯಿಯ ಮೈ ಉರಿಯುತ್ತದೆ.

ಆಗ ದೊಡ್ಡಮ್ಮ ಹೂಡಿದ ವಾದವನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಆಕ್ಸೊಲಾಟಲ್‌ಗೆ ಕತ್ತರಿಸಿಹೋದ ಅಂಗ ಮತ್ತೆ ಬೆಳೆಯುತ್ತದೆಂದು ಅವಳು ಎಲ್ಲೋ ಕೇಳಿದ್ದಳು. ಅದು ನಿಜ. ಕಾಲು, ಬಾಲ, ಕಿವಿರು, ಹೃದಯದ ಮತ್ತು ಮೆದುಳಿನ ಕೆಲವು ಭಾಗಗಳನ್ನೂ ಗಾಯದ ಗುರುತಿಲ್ಲದ ಹಾಗೆ ಬೆಳೆಸಿಕೊಳ್ಳುತ್ತದೆ. ಅದರ ರಹಸ್ಯ ಬಿಡಿಸಲೆಂದು ವಿಜ್ಞಾನಿಗಳು 2018ರಲ್ಲಿ ಅದರ ಜೀನೋಮನ್ನು ಓದಿದರು. ಮನುಷ್ಯನದಕ್ಕಿಂತ ಹತ್ತು ಪಟ್ಟು ಉದ್ದ! ‘ಮತ್ತಿನ್ನೇನು?’ ಅಂದಳು ದೊಡ್ಡಮ್ಮ. ‘ಸ್ವಲ್ಪ ಕಚ್ಚಿದ್ರೆ ಏನಂತೆ, ಹೇಗೂ ಮತ್ತೆ ಬೆಳೆಯುತ್ತಲ್ಲ? ಹೊಂದಿಕೊಂಡು ಹೋಗಬೇಕಪ್ಪ.’ ಅಡುಗೆಮನೆಯಲ್ಲಿದ್ದ ಅತ್ತಿಗೆ ಒಗ್ಗರಣೆ ಸೌಟನ್ನು ಒಂದು ಕ್ಷಣ ಮೇಲಕ್ಕೇ ಹಿಡಿದು ನಿಂತಳು. ಗಾಯ ಮಾಯುವವರ ಪಾಲಿಗೇ ಕಚ್ಚಿಸಿಕೊಳ್ಳುವ ಕೆಲಸ ಬರುವುದು ತೊಟ್ಟಿಯೊಳಗಿನ ಕಾನೂನು ಮಾತ್ರವಲ್ಲ ಎಂದು ಅವಳ ಮುಖ ಹೇಳುತ್ತಿತ್ತು. ನಾನು ಪೇಪರು ಓದುವವನ ಹಾಗೆ ಕೂತೆ.

ಅಂದ ಹಾಗೆ, ಮತ್ತೆ ಬೆಳೆಯುವುದೇನೂ ಪುಕ್ಕಟೆಯಲ್ಲ. ಮೈಯ ಕಸುವೆಲ್ಲ ಅದಕ್ಕೇ ಖರ್ಚಾಗುತ್ತದೆ, ತೆರೆದ ಗಾಯಕ್ಕೆ ಬೂಷ್ಟು ಹಿಡಿಯುತ್ತದೆ, ಬೆಳೆದ ಕಿವಿರನ್ನು ಮೀನು ಮತ್ತೆ ಕಚ್ಚುತ್ತದೆ.

ಮುಂದಿನ ಸಂಬಂಧ ತೊಟ್ಟಿ ತೊಳೆಯುವ ಸಕ್ಕರ್ ಮೀನಿನದು. ಕೆಲಸಕ್ಕಿರುವ ಹುಡುಗ, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತಾನೆ ಎಂದು ಅಂಗಡಿಯವರ ಶಿಫಾರಸು. ಹಗಲು ಗಾಜು ಸರಿ. ರಾತ್ರಿ ಅದು ಮಂದಗತಿಯ ಯಾವುದಾದರೂ ಪ್ರಾಣಿಗೆ ಅಂಟಿಕೊಂಡು ಮೈಮೇಲಿನ ಲೋಳೆಯನ್ನು ಕೆರೆದು ತಿನ್ನುತ್ತದೆ. ಅದನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಲಾಯಿತು.

ಇಲ್ಲಿಯವರೆಗೆ ನಮ್ಮ ವರನೇ ಪಾಪದವನು ಎಂದು ನಂಬಿದ್ದೆವು. ಹುಡುಗಿ ಕಾಲೇಜಿಗೆ ಹೋಗಿದ್ದಾಗ ದೊಡ್ಡಮ್ಮ ಪಕ್ಕದ ಮನೆಯಿಂದ ಒಂದು ಚೊಂಬಿನಲ್ಲಿ ಗಪ್ಪಿ ಮೀನುಗಳನ್ನು ತರಿಸಿ, ಯಾರಿಗೂ ಹೇಳದೆ ತೊಟ್ಟಿಗೆ ಸುರಿದು, ಕೈ ಮುಗಿದು ಮಲಗಿದಳು. ಗಪ್ಪಿಗಳು ಬೆಚ್ಚನೆಯ ನೀರಿನ ಜೀವಗಳು. ಆ ಚಳಿಗೆ ಅವು ಬಹಳ ದಿನ ಬಾಳುವಂತಿರಲಿಲ್ಲ. ಅಷ್ಟು ದಿನ ಕಾಯುವ ಪ್ರಮೇಯವೂ ಬರಲಿಲ್ಲ. ಆಕ್ಸೊಲಾಟಲ್‌ಗೆ ಕಣ್ಣು ಮಂದ. ಎದುರಿಗೆ ಏನೋ ಸುಳಿಯಿತೆಂದರೆ ಥಟ್ಟನೆ ಬಾಯಿ ತೆರೆಯುತ್ತದೆ. ನೀರಿನೊಂದಿಗೆ ಸುಳಿದದ್ದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅಗಿಯುವ ಹಲ್ಲಿಲ್ಲ, ಹಾಗಾಗಿ ಎಲ್ಲವೂ ಇಡಿ ಇಡಿಯಾಗಿಯೇ. ಬಾಯಿಗೆ ಹಿಡಿಸುವಷ್ಟಿದ್ದರೆ ಸಾಕು, ಅದು ಊಟವೋ ನೆಂಟರೋ ಎಂಬ ಭೇದವಿಲ್ಲ. ಇದೇ ಕಾರಣಕ್ಕೆ ತೊಟ್ಟಿಯ ತಳದಲ್ಲಿ ಸಣ್ಣ ಜಲ್ಲಿಕಲ್ಲನ್ನೂ ಹಾಕುವಂತಿಲ್ಲ; ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಬಸವನಹುಳುವಿನ ಚಿಪ್ಪೂ ಹಾಗೇ. ಕೋರಿಡೋರಸ್ ಎಂಬ ಪುಟ್ಟ ಮೀನಿನದು ಇನ್ನೂ ಘೋರ: ನುಂಗಿದ ಮೇಲೆ ಅದು ಮುಳ್ಳು ನೆಟ್ಟಗೆ ಮಾಡುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ ಇಬ್ಬರದೂ ಒಟ್ಟಿಗೇ ತಿಥಿ.

ಎದ್ದು ನೋಡಿದರೆ ವಧುಗಳು ನಾಪತ್ತೆ. ‘ಎಲ್ಲೋ ಗಿಡದ ಹಿಂದೆ ನಾಚಿಕೊಂಡು ಕೂತಿರಬೇಕು’ ಎಂದಳು ದೊಡ್ಡಮ್ಮ. ಹುಡುಗಿ ಬಂದು ನೋಡಿ ಕೂಗಾಡಿದಳು. ಮೀನು ಸತ್ತದ್ದಕ್ಕಿಂತ, ಅವು ಯಾವ ರೋಗ ತಂದಿದ್ದವೋ ಎಂಬ ಭಯ ಅವಳಿಗೆ. ಆಕ್ಸೊಲಾಟಲ್ ಎಂದಿನಂತೆ ನಗುತ್ತಿತ್ತು. ಅಂದಿನಿಂದ ದೊಡ್ಡಮ್ಮ ಅದರ ಬಗ್ಗೆ ಮಾತಾಡುವಾಗ ‘ಆ ಮನುಷ್ಯ’ ಎನ್ನುತ್ತಾಳೆ.

ಸ್ವಜಾತಿಯಲ್ಲೇ ನೋಡಬಾರದೇಕೆ ಎಂದು ಅಣ್ಣ ಕೇಳಿದ. ಇದೊಂದು ವಿಚಾರಯೋಗ್ಯ ಪ್ರಶ್ನೆ. ಮರಿಗಳಾಗಿದ್ದಾಗ ಅವು ಒಡಹುಟ್ಟಿದವರ ಕಾಲನ್ನೇ ಕಚ್ಚಿ ತಿನ್ನುತ್ತವೆ. ಬೆಳೆದ ಮೇಲೆ, ಗಾತ್ರ ಸರಿಸಮನಾಗಿದ್ದು ತೊಟ್ಟಿ ದೊಡ್ಡದಾಗಿದ್ದರೆ, ಒಂದನ್ನೊಂದು ಸಹಿಸಿಕೊಂಡು ಇರುತ್ತವೆ. ಆದರೆ ಗಂಡು ಹೆಣ್ಣು ಕೂಡಿತೆಂದರೆ ಒಂದು ಸಲಕ್ಕೇ ನೂರಾರು ಮೊಟ್ಟೆ. ಈ ಅಂಕಿ ಕೇಳಿದ ಅಣ್ಣ ಚಿಲ್ಲರಿನ ಕಡೆ ನೋಡಿ, ಪ್ರಶ್ನೆಯನ್ನು ವಾಪಸು ತೆಗೆದುಕೊಂಡ.

ಮನೆಯ ತೊಟ್ಟಿಯಲ್ಲಿ ದೊಡ್ಡಮ್ಮ ಮಾಡಿದ್ದನ್ನು ದೊಡ್ಡ ಕೆರೆಯಲ್ಲಿ ಮಾಡಿ ನೋಡಿದವರೂ ಇದ್ದಾರೆ. ಆಕ್ಸೊಲಾಟಲ್‌ನ ತವರು ಮೆಕ್ಸಿಕೊ ಕಣಿವೆ, ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ನಾಡು. ಅಲ್ಲಿ ಅದಕ್ಕಿದ್ದದ್ದು ಎರಡು ಕೆರೆ. ಚಾಲ್ಕೊ ಕೆರೆಯನ್ನು ಬತ್ತಿಸಿಬಿಟ್ಟರು. ಸೊಚಿಮಿಲ್ಕೊ ಕೆರೆಯಲ್ಲಿ ಉಳಿದದ್ದು ಕಾಲುವೆಗಳು ಮತ್ತು ಅವುಗಳ ನಡುವೆ ಕೆಸರು ಎತ್ತಿ ಕಟ್ಟಿದ ಚಿನಾಂಪಾ ಎಂಬ ತೋಟಗಳು. ಆ ನೀರಿಗೆ 1970-80ರ ದಶಕಗಳಲ್ಲಿ ಜನರ ಹೊಟ್ಟೆಗೆ ಮೀನು ಸಿಗಲೆಂಬ ಒಳ್ಳೆಯ ಉದ್ದೇಶದಿಂದ ಕಾರ್ಪ್ ಮತ್ತು ತಿಲಾಪಿಯಾ ಬಿಟ್ಟರು. ಎರಡೂ ನಮ್ಮ ಮೀನು ಮಾರುಕಟ್ಟೆಗೆ ಚೆನ್ನಾಗಿ ಪರಿಚಿತವಾದ ಬಳಗ. ಆಕ್ಸೊಲಾಟಲ್ ಗಿಡಗಳಿಗೆ ಅಂಟಿಸಿದ್ದ ಮೊಟ್ಟೆಗಳನ್ನೂ ಮರಿಗಳನ್ನೂ ಅವು ತಿಂದವು, ನೀರು ಕಲಕಿದವು. ಅದಕ್ಕೆ ನಗರದ ಕೊಳಚೆಯೂ ಸೇರಿತು. 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟಲ್‌ಗಳಿದ್ದವು. 2014ರ ಹೊತ್ತಿಗೆ ಸಿಕ್ಕಿದ್ದು 36. ಪ್ರಪಂಚದ ಪ್ರಯೋಗಾಲಯಗಳಲ್ಲೂ ಮನೆಗಳಲ್ಲೂ ಇವತ್ತು ಲೆಕ್ಕವಿಲ್ಲದಷ್ಟಿವೆ. ಬಹುಪಾಲು 1864ರಲ್ಲಿ ಪ್ಯಾರಿಸ್ಸಿಗೆ ಹೋದ ಒಂದು ಗುಂಪಿನ ವಂಶದವು. ಮೆಕ್ಸಿಕೊ 2021ರಲ್ಲಿ ಅದರ ಚಿತ್ರವನ್ನು 50 ಪೆಸೊ ನೋಟಿನ ಮೇಲೆ ಅಚ್ಚು ಹಾಕಿತು. ತವರಿನ ನೀರಿನಲ್ಲಿ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಈಗ ಅಲ್ಲಿ ಲೂಯಿಸ್ ಸಾಂಬ್ರಾನೊ ಎಂಬ ಜೀವವಿಜ್ಞಾನಿ ಮತ್ತು ಸಂಗಡಿಗರು ಚಿನಾಂಪಾ ರೈತರ ಜೊತೆ ಸೇರಿ ಮಾಡುತ್ತಿರುವುದೇನು ಗೊತ್ತೇ? ಕಾಲುವೆಯ ಬಾಯಿಗೆ ಜರಡಿ ತಡೆ ಕಟ್ಟಿ, ನೀರು ಒಳಬರಲಿ, ಮೀನು ಬಾರದಿರಲಿ ಎಂದು ನೋಡಿಕೊಳ್ಳುತ್ತಿದ್ದಾರೆ. ವಿಶ್ವವಿದ್ಯಾಲಯದ ಮಟ್ಟದಲ್ಲಿ ನಡೆಯುತ್ತಿರುವ ಈ ಕೆಲಸವೂ, ನಮ್ಮ ಹುಡುಗಿ ತೊಟ್ಟಿಗೆ ಮುಚ್ಚಳ ಹಾಕಿ ‘ದಯವಿಟ್ಟು ಏನನ್ನೂ ಬಿಡಬೇಡಿ, ದೊಡ್ಡಜ್ಜಿ’ ಎಂದು ಚೀಟಿ ಅಂಟಿಸಿದ್ದೂ ಒಂದೇ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ಅದಕ್ಕೆ ಎರೆಹುಳು ಹಾಕಿ, ನೀರು ತಣ್ಣಗಿಡಿ, ಸಂಬಂಧ ನೋಡಬೇಡಿ. ಮೀನಿನ ಆಸೆಯಿದ್ದರೆ ಬೇರೆ ತೊಟ್ಟಿ ಕೊಳ್ಳಿ. ಈಗಾಗಲೇ ತಂದಿಟ್ಟುಕೊಂಡು ಬೇಡವಾದ ಸಕ್ಕರ್ ಮೀನನ್ನೋ ಗೋಲ್ಡ್‌ಫಿಶ್ಶನ್ನೋ ಪುಣ್ಯ ಬರಲೆಂದು ಪಕ್ಕದ ಕೆರೆಗೆ ಬಿಡಲು ಹೊರಟಿದ್ದರೆ ಮಾತ್ರ ದಯಮಾಡಿ ನಿಲ್ಲಿ. ಆ ಕೆರೆಯಲ್ಲೂ ಯಾರೋ ಮೊಟ್ಟೆಯಿಟ್ಟಿರುತ್ತಾರೆ. ಮೀನನ್ನು ಅಂಗಡಿಗೇ ವಾಪಸು ಕೊಡಿ.