ಣಕಾರದ ಮೊಮ್ಮಗ

ಅಮೆರಿಕದ ಆಸ್ಪತ್ರೆಯಲ್ಲಿ ಶಿಶು ಜನಿಸಿದ ಮರುದಿವಸವೇ ಒಬ್ಬ ಮಹಿಳೆಯು ಫಾರಂ ಹಿಡಿದುಕೊಂಡು ಬಾಣಂತಿಯ ಮಂಚದ ಬಳಿ ಬಂದು ನಿಲ್ಲುವಳೆಂಬುದನ್ನೂ, ಅದರಲ್ಲಿ ಹೆಸರನ್ನು ತುಂಬಿಕೊಟ್ಟಲ್ಲಿ ಜನನಪತ್ರವೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಸಲೀಸಾಗಿ ಕೈಸೇರುವುವೆಂಬುದನ್ನೂ, ಇಲ್ಲವಾದಲ್ಲಿ ಕಚೇರಿಗಳನ್ನು ಅಲೆಯುವ ಯೋಗವು ತಂದೆಗೆ ಒದಗುವುದೆಂಬುದನ್ನೂ, ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ತಟ್ಟೆಯ ಅಕ್ಕಿಯ ಮೇಲೆ ಚಿನ್ನದುಂಗುರದಿಂದ ಹೆಸರು ಬರೆದು, ಕೂಸಿನ ಕಿವಿಯಲ್ಲಿ ಉಸುರಿ, ಬಳಿಕ ಊಟಕ್ಕೇಳುವ ಸಂಪ್ರದಾಯದಲ್ಲಿ ಬೆಳೆದ ನಾನು, ಮಗಳ ಬಾಣಂತನದ ನಿಮಿತ್ತ ಸಪತ್ನೀಕನಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಿಳಿಯುವವರೆಗೆ ಅರಿತವನಲ್ಲ.

ಹೆಸರಿನ ಆಯ್ಕೆಯಲ್ಲಿ ಪ್ರಥಮಾಧಿಕಾರವು ಮೈಸೂರಿನಲ್ಲಿದ್ದ ನಮ್ಮ ಬೀಗರದು. ಅವರು ಒಂಟಿಕೊಪ್ಪಲ್ ಪಂಚಾಂಗವನ್ನು ಮಡಿಲಲ್ಲಿಟ್ಟುಕೊಂಡೇ ದೂರವಾಣಿಯನ್ನು ಕೈಗೆತ್ತಿಕೊಳ್ಳುವವರು. ಇಪ್ಪತ್ತೇಳು ನಕ್ಷತ್ರಗಳಿಗೆ ತಲಾ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ, ಒಟ್ಟು 108. ಜನ್ಮಸಮಯವನ್ನು ಹೇಳಿದರೆ ಹೆಸರಿನ ಮೊದಲಕ್ಷರವನ್ನು ತಾವು ಹೇಳುವೆವೆಂದು ಅವರು ಸಿದ್ಧರಾಗಿದ್ದರು. ಆದರೆ ನಮ್ಮ ಮೊಮ್ಮಗನು ಭೂಮಿಗೆ ಬರಲು ಆರಿಸಿಕೊಂಡ ಮುಹೂರ್ತವು ನವೆಂಬರಿನ ಮೊದಲನೆಯ ಭಾನುವಾರದ ನಡುರಾತ್ರಿ ಕಳೆದು ಒಂದೂವರೆ ಗಂಟೆ. ಆ ರಾತ್ರಿ ಎರಡು ಗಂಟೆಯಾಗುತ್ತಲೇ ಈ ದೇಶದವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಒಂದು ಗಂಟೆ ಮಾಡುತ್ತಾರಾದ್ದರಿಂದ, ಒಂದೂವರೆಯೆಂಬ ಗಳಿಗೆಯು ಆ ಒಂದೇ ರಾತ್ರಿಯಲ್ಲಿ ಎರಡು ಸಲ ಸಂಭವಿಸುತ್ತದೆ. ಮೊದಲನೆಯ ಒಂದೂವರೆಗೆ ಮೈಸೂರಿನಲ್ಲಿ ಮಧ್ಯಾಹ್ನ ಎರಡು; ಎರಡನೆಯದಕ್ಕೆ ಮೂರು. ಈ ಎರಡರ ನಡುವೆಯೇ ಚಂದ್ರನು ಹಸ್ತಾ ನಕ್ಷತ್ರದ ಎರಡನೆಯ ಪಾದದಿಂದ ಮೂರನೆಯದಕ್ಕೆ ದಾಟಿದ್ದನಂತೆ. ಎರಡನೆಯ ಪಾದಕ್ಕೆ ಷಕಾರ, ಷಣ್ಮುಖನೆಂದರಾಯಿತು, ಮೂರನೆಯದಕ್ಕೆ ಣಕಾರ.

ಅಳಿಯನು ಇಂಜಿನಿಯರನಾದುದರಿಂದ, ಕೂಸಿನ ಮೊದಲ ಚಿತ್ರದೊಳಗೆ ಫೋನು ಗುಟ್ಟಾಗಿ ಬರೆದಿಟ್ಟಿದ್ದ ಕಾಲಮಾನವನ್ನು ಬಗೆದು ನೋಡಿ, ಅದು ಎರಡನೆಯ ಒಂದೂವರೆಯೇ ಎಂದು ಸಂಶಯಾತೀತವಾಗಿ ಸಿದ್ಧಪಡಿಸಿದನು. ಹೀಗೆ ವಿಜ್ಞಾನವೂ ಜ್ಯೋತಿಷವೂ ಕೈಜೋಡಿಸಿ ನಮ್ಮ ವಂಶೋದ್ಧಾರಕನಿಗೆ, ಕನ್ನಡದ ಯಾವ ಪದವೂ ಆರಂಭವಾಗಲೊಲ್ಲದ ಅಕ್ಷರವೊಂದನ್ನು ದಯಪಾಲಿಸಿದುವು.

ತರುಣ ದಂಪತಿಗಳ ಲೆಕ್ಕಾಚಾರವೇ ಬೇರೆ. ರೆಫ್ರಿಜರೇಟರಿನ ಬಾಗಿಲ ಮೇಲೆ ಅಂಟಿಸಿದ್ದ ಹಾಳೆಯ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಐದಕ್ಷರಕ್ಕೆ ಮೀರದವು: ಜಯ್, ದೇವ್, ರೋಹನ್, ಕಿರಣ್, ನೀಲ್. ಶಾಲೆಯ ಉಪಾಧ್ಯಾಯಿನಿಯು ಹಾಜರಿ ಕರೆಯುವಾಗ ತಡವರಿಸಬಾರದು. ಸಹಪಾಠಿಗಳ ಬಾಯಲ್ಲಿ ಅಪಭ್ರಂಶವಾಗಿ ಅಶ್ಲೀಲವಾಗಬಾರದು. ಯಜ್ಞಮಾಡಿ ಗಳಿಸಿದ ‘ದೀಕ್ಷಿತ’ ಎಂಬ ಬಿರುದು ಇಂಗ್ಲಿಷ್ ಕಾಗುಣಿತದಲ್ಲಿ ಯಾವ ಗತಿಗೆ ಬರುವುದೆಂಬುದನ್ನು ಮಗಳು ತಾಯಿಯ ಕಿವಿಯಲ್ಲಿ ಹೇಳಿದಳು. ತಾಯಿಯು ನನಗೆ ಹೇಳಲೊಪ್ಪಲಿಲ್ಲ.

“ಇಷ್ಟೇಕೆ ಹೆದರುವುದು?” ಎಂದೆ.

“ಹೆದರಿಕೆಯಲ್ಲ ಮಾವ, ಅಂಕಿಅಂಶ” ಎಂದು ಅಳಿಯನು ಎರಡು ಪ್ರಬಂಧಗಳನ್ನು ತೆರೆದನು. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ಷಿಕಾಗೊ ನಗರಗಳ ಪತ್ರಿಕಾ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳುಹಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶವೇನೆಂದರೆ, ಯೋಗ್ಯತೆ ಸಮಾನವಾಗಿದ್ದರೂ ಎಮಿಲಿ, ಗ್ರೆಗ್ ಮುಂತಾದ ಬಿಳಿಯರ ಹೆಸರುಗಳಿಗೆ ಲಕೀಶಾ, ಜಮಾಲ್ ಮುಂತಾದ ಕರಿಯರ ಹೆಸರುಗಳಿಗಿಂತ ಶೇಕಡ 50ರಷ್ಟು ಹೆಚ್ಚು ಕರೆಗಳು ಬಂದುವು. ಕೆನಡಾದಲ್ಲಿ ಫಿಲಿಪ್ ಒರಿಯೊಪೌಲಸ್ ಎಂಬವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಹೆಸರಿನವರು ಭಾರತೀಯ, ಚೀನೀ, ಪಾಕಿಸ್ತಾನೀ ಹೆಸರಿನವರಿಗಿಂತ ಶೇಕಡ 40ರಷ್ಟು ಮುಂದಿದ್ದರು.

“ಆ ಮುಲ್ಲೈನಾಥನ್ ಅವರಿಗೆ ಮಾತ್ರ ಹಾರ್ವರ್ಡಿನವರು ಪ್ರಾಧ್ಯಾಪಕ ಪದವಿಯನ್ನು ಕೊಟ್ಟರಲ್ಲ! ಆ ಹೆಸರಿಗೆ ನಿಮ್ಮ ಹಾಳೆಯ ಅಗಲವೂ ಸಾಲದು” ಎಂದೆ. ಅಳಿಯನು ವಿನೀತನಾದುದರಿಂದ ಮಾತು ಬೆಳೆಸಲಿಲ್ಲ. ನನ್ನ ಸಂತೋಷವೂ ಬಹುಕಾಲ ಉಳಿಯಲಿಲ್ಲ. ನಾವಿದ್ದ ಊರಿಗೆ ಸಮೀಪದ ಓಕ್ಲೆಂಡಿನಲ್ಲಿ 1964ರಲ್ಲಿ ಹುಟ್ಟಿದ ಕಮಲಾ ಹ್ಯಾರಿಸ್‌ರ ಹೆಸರು ಮೂರೇ ಅಕ್ಷರದ್ದು, ಮೂರೂ ಅಲ್ಪಪ್ರಾಣ. ಆದರೂ ವರ್ಷಗಟ್ಟಲೆ ಅವರ ಜತೆಗೇ ಸೆನೆಟಿನಲ್ಲಿ ಕುಳಿತಿದ್ದ ಜಾರ್ಜಿಯಾದ ಮಹನೀಯರೊಬ್ಬರು 2020ರ ಅಕ್ಟೋಬರಿನ ಚುನಾವಣಾ ಸಭೆಯೊಂದರಲ್ಲಿ ಅದನ್ನು ಉಚ್ಚರಿಸಲಾರದವರಂತೆ ತೊದಲಿ ಜನರನ್ನು ನಗಿಸಿದರು. ತೊದಲಬೇಕೆಂದು ಸಂಕಲ್ಪಿಸಿದವರ ಮುಂದೆ ಹ್ರಸ್ವನಾಮವೂ ರಕ್ಷೆಯಲ್ಲ.

ಹಾಳೆಯಲ್ಲಿ ನನ್ನ ಒಲವಿದ್ದುದು ‘ಕಿರಣ್’ ಎಂಬುದರ ಮೇಲೆ. ಅದು ಗಂಡೋ ಹೆಣ್ಣೋ ತಿಳಿಯದೆಂದು ನನ್ನಾಕೆಯ ಆಕ್ಷೇಪಣೆ. ಇದೇ ಹೆಸರಿನ ಹೆಣ್ಣುಮಗುವೊಂದರ ಕುರಿತು ಜರ್ಮನಿಯ ನೋಂದಣಿ ಕಚೇರಿಯವರು ಇದೇ ಆಕ್ಷೇಪಣೆಯನ್ನೆತ್ತಿ, ವ್ಯಾಜ್ಯವು ಆ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ, 2008ರಲ್ಲಿ ತಂದೆತಾಯಿಗಳಿಗೇ ಜಯವಾಯಿತೆಂದು ಹೇಳಿ ನೋಡಿದೆ. ನನ್ನಾಕೆಯ ನ್ಯಾಯಾಲಯದ ಮೇಲೆ ಅಪೀಲಿಲ್ಲ.

ಉಳಿದದ್ದು ‘ನೀಲ್’. ಚಂದ್ರನ ಮೇಲೆ ಕಾಲಿಟ್ಟವನ ಹೆಸರೆಂದು ಅಮೆರಿಕನ್ನರೂ, ವಿಷಕಂಠನ ಹೆಸರೆಂದು ನಾವೂ ನಂಬಬಹುದಾದ ಇಂಥ ಹೆಸರುಗಳು ಹೊರನಾಡ ಕನ್ನಡಿಗರಿಗೆ ಪರಮಪ್ರಿಯ. ಭಾರತ ಸರ್ಕಾರವು ಮನುಷ್ಯರಿಗೆ ದ್ವಿಪೌರತ್ವವನ್ನು ಒಪ್ಪದಿದ್ದರೂ ಹೆಸರುಗಳಿಗೆ ಆ ಸೌಲಭ್ಯ ಉಂಟಷ್ಟೆ. ಅರ್ಜಿಗಳ ದೃಷ್ಟಿಯಿಂದ ಅದನ್ನು ಆಂಗ್ಲರ ಕಾಗುಣಿತದಲ್ಲೇ ಬರೆಯಬೇಕೆಂದು ಅಳಿಯನು ವಾದಿಸಿದನು. ಆದರೆ ಮುಂದೆ ಬರುವ ಮನೆತನದ ಹೆಸರು ‘ನಂಜುಂಡಯ್ಯ’. ಮುಂಬಾಗಿಲಿಗೆ ಸುಣ್ಣ ಬಳಿದ ಮಾತ್ರಕ್ಕೆ ಹಿಂಬದಿಯ ಹಟ್ಟಿಯಲ್ಲಿ ಎಮ್ಮೆ ಕೂಗದೆ ಇರುವುದೇ? ಎಂದು ಮಗಳು ಕೇಳಿದ ಮೇಲೆ, ನಮ್ಮವರ ರೂಢಿಯಂತೆ ಎರಡು ‘ಇ’ಕಾರಗಳೇ ಗೆದ್ದುವು.

ಬೀಗರ ಣಕಾರಕ್ಕೆ ಪರಿಹಾರವಿತ್ತದ್ದು ಕ್ಯಾಲಿಫೋರ್ನಿಯಾದ ಕಾನೂನು. ಆಗ ಇಲ್ಲಿಯ ಜನನಪತ್ರದಲ್ಲಿ ಇಂಗ್ಲಿಷಿನ 26 ಅಕ್ಷರಗಳಿಗೆ ಮಾತ್ರ ಪ್ರವೇಶವಿತ್ತು. ಅಕ್ಷರದ ಮೇಲಿನ ಗೀಟು, ಕೆಳಗಿನ ಚುಕ್ಕಿ, ಯಾವುದೂ ಸಲ್ಲುತ್ತಿರಲಿಲ್ಲ. ಆದಕಾರಣ ಈ ರಾಜ್ಯದ ದೃಷ್ಟಿಯಲ್ಲಿ ನಕಾರವೂ ಣಕಾರವೂ ಏಕವೇ ಎಂದು ನಾನು ದೂರವಾಣಿಯಲ್ಲಿ ನಿವೇದಿಸಿದೆನು. ಬೀಗರು ಕೆಲವು ಕ್ಷಣ ಮೌನವಾಗಿದ್ದು, “ಬೀಗರೆ, ಸರ್ಕಾರದವರು ಅಷ್ಟರಮಟ್ಟಿಗೆ ಶಾಸ್ತ್ರಕ್ಕೆ ಅನುಕೂಲವಾಗಿರುವಾಗ ನಮ್ಮದೇನು!” ಎಂದರು. ಜಾತಕದಲ್ಲಿ ಮಗುವು ಇಂದಿಗೂ ‘ಣೀಲಕಂಠ’ನೇ.

ಮನೆತನದ ಹೆಸರೆಂದೆನಲ್ಲವೆ? ಹಳೆಯ ಮೈಸೂರಿನವರಾದ ನಮಗೆ ಅಂಥದೊಂದು ಇದ್ದುದೇ ಇಲ್ಲ. ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಆಮೇಲೆ ನಾವು. ಅಮೆರಿಕದ ಫಾರಮ್ಮಿನ ಕೊನೆಯ ಮನೆಯು ಖಾಲಿಯಿರಕೂಡದೆಂಬ ಕಾರಣದಿಂದ ಕೆಲವರು ಅಲ್ಲಿ ತಮ್ಮ ಊರನ್ನೇ ಸ್ಥಾಪಿಸಿ, ಮಕ್ಕಳು ಮೊಮ್ಮಕ್ಕಳೆಲ್ಲ ಚಿಕ್ಕನಾಯಕನಹಳ್ಳಿಗಳಾಗಿ ಓಡಾಡುತ್ತಾರೆ. ಒಂದೇ ಹೆಸರಿನ ಪಾಸ್‌ಪೋರ್ಟುಳ್ಳ ನನ್ನ ಷಡ್ಡಕನಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಮುದ್ರೆಯೊತ್ತಲಾಗಿ, ಮೊದಲ ಹೆಸರು ಅಜ್ಞಾತವೆಂಬ ಅದರ ಅರ್ಥವನ್ನರಿಯದ ನೆರೆಯವರು ಅವನನ್ನು ‘ಮಿಸ್ಟರ್ ಫ್ನೂ’ ಎಂದೇ ಕರೆಯುತ್ತಿದ್ದರು. ನಮ್ಮ ಅಳಿಯನು ತಂದೆಯ ಹೆಸರನ್ನು ಕೊನೆಗಿಟ್ಟುಕೊಂಡನು. ಅದರ ಪರಿಣಾಮವು ಪ್ರಕಟವಾದದ್ದು ಬೀಗಿತ್ತಿಯವರು ಮೊಮ್ಮಗನನ್ನು ನೋಡಲು ಬಂದಾಗ.

ಕೂಸಿಗೆ ಚುಚ್ಚುಮದ್ದು ಹಾಕಿಸಲು ಎಲ್ಲರೂ ಹೋಗಿದ್ದೆವು. ದಾದಿಯು ಬಾಗಿಲಲ್ಲಿ ನಿಂತು, “ಮಿಸೆಸ್ ನಾನ್‌ಜುಂಡಾಯ!” ಎಂದು ಕೂಗಿದಳು. ನನ್ನ ಮಗಳು ಎದ್ದಳು, ಬೀಗಿತ್ತಿಯವರೂ ಎದ್ದರು. ಮದುವೆಯಾದಂದಿನಿಂದ ಗಂಡನ ಹೆಸರನ್ನು ನಾಲಗೆಯ ಮೇಲೆ ತಾರದ ಆ ಸಾಧ್ವಿಗೆ, ಪರದೇಶದ ಹೆಂಗಸೊಬ್ಬಳು ಅದನ್ನು ಬೀದಿಗೆ ಕೇಳುವಂತೆ ಕೂಗಿದ್ದೇ ಒಂದು ಆಘಾತ. ಆ ಕರೆಗೆ ತಾವಿರುವಾಗಲೇ ಸೊಸೆಯು ಓಗೊಟ್ಟದ್ದು ಎರಡನೆಯದು. “ಏನೇ ಇದು! ಅವರ ಹೆಂಡತಿ ಅಂದರೆ ನೀನು ಏಳೋದೇ?” ಎಂದರು. ಮಗಳು ಮುಖ ಕೆಂಪಗೆ ಮಾಡಿಕೊಂಡು ವಿವರಿಸಲಾರಂಭಿಸುವಷ್ಟರಲ್ಲಿ, ದಾದಿಯು ಸಂಶಯಗೊಂಡು ಹಿರಿಯಾಕೆಯನ್ನೇ ಹೆಸರು ಕೇಳಿದಳು. ಬೀಗಿತ್ತಿಯವರು ಸೆರಗು ಸರಿಪಡಿಸಿಕೊಂಡು, “ಕಪಿಲಾ ತೀರದಲ್ಲಿ ನೆಲೆಸಿರೋ ಸ್ವಾಮಿ ಹೆಸರು ಅಂತ ಹೇಳಪ್ಪ ಅವಳಿಗೆ” ಎಂದು ಮಗನಿಗೆ ಆಜ್ಞಾಪಿಸಿದರು. ಆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇಂಥ ಒಗಟುಗಳಿಗೆ ಸ್ಥಳವಿರಲಿಲ್ಲ.

ಹೆಸರನ್ನು ಕೇಳಿ ಮನುಷ್ಯನನ್ನು ತೂಗುವ ವಿದ್ಯೆಯನ್ನು ಈ ದೇಶದವರೇ ಕಂಡುಹಿಡಿದರೆಂದು ಅಳಿಯನ ಪೀಳಿಗೆಯವರು ನಂಬಿರುವುದು ನಮ್ಮ ಪೂರ್ವಿಕರಿಗೆ ಅಪಚಾರ. ಅಮೆರಿಕದವರ ಕಿವಿಗೆ ಬಿಳಿ, ಕರಿ, ಪರದೇಶಿ ಎಂಬ ಮೂರು ಭೇದಗಳು ತಿಳಿದರೆ ಹೆಚ್ಚು. ಗೌಡ, ಶೆಟ್ಟಿ, ರಾವ್, ಆಚಾರ್, ನಾಯಕ, ಮಠ ಎಂಬ ಬಾಲವನ್ನು ಹಿಡಿದು ಎದುರಿನವನ ಅಡುಗೆಮನೆಯವರೆಗೆ ನಡೆದುಹೋಗುವ ನಮ್ಮ ಕಿವಿಯ ಮುಂದೆ ಅದೇನು ಮಹಾ? ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮೃತ್ಯುವಿಗೂ ಹೇಸಿಗೆಯಾಗಲೆಂದು ತಿಪ್ಪಣ್ಣ, ಹುಚ್ಚಪ್ಪ ಎಂದು ಹೆಸರಿಟ್ಟ ತಾಯಂದಿರ ಉಪಾಯಕ್ಕೆ ಯಮನು ಮೋಸಹೋದನೇನೋ, ಪಟ್ಟಣದ ಶಾಲೆಯ ಮೇಷ್ಟರು ಹೋಗಲಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಖಾಸಗಿ ಕಂಪನಿಗಳು, ಸಮಾನ ಯೋಗ್ಯತೆಯಿದ್ದರೂ, ದಲಿತ ಹೆಸರಿನ ಅರ್ಜಿಗಳನ್ನು ಮೇಲ್ಜಾತಿಯ ಹೆಸರಿನವಕ್ಕಿಂತ ಕಡಮೆ ಕರೆದುವು. ಮುಸಲ್ಮಾನ ಹೆಸರಿನವನ್ನು ಇನ್ನೂ ಕಡಮೆ. ಈ ಪ್ರಬಂಧವನ್ನು ಅಳಿಯನ ಮುಂದಿಟ್ಟಾಗ ಅವನು ಅದನ್ನು ಓದಿ, ಹಾಳೆಯ ಮೇಲಿದ್ದ ಪುಟ್ಟ ಹೆಸರುಗಳ ಕಡೆ ನೋಡಿ ಸುಮ್ಮನಾದನು.

‘ನಂಜುಂಡಯ್ಯ’ ಎಂಬುದು ಈ ವಿದ್ಯೆಗೆ ಸುಲಭದಲ್ಲಿ ಬಗ್ಗತಕ್ಕುದಲ್ಲ. ಬ್ರಾಹ್ಮಣರಲ್ಲೂ ಲಿಂಗಾಯತರಲ್ಲೂ ಇತರರಲ್ಲೂ ನಂಜುಂಡನ ಒಕ್ಕಲುಂಟು. ಮೈಸೂರು ಸೀಮೆಯ ಜಾತಿಬುಡಕಟ್ಟುಗಳನ್ನು ಸಂಪುಟಗಟ್ಟಲೆ ವಿಂಗಡಿಸಿದ, ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷ ಎಚ್. ವಿ. ನಂಜುಂಡಯ್ಯನವರ ಹೆಸರೊಂದರಿಂದಲೇ ಅವರ ಜಾತಿಯನ್ನು ವಿಂಗಡಿಸಲಾಗದೆಂಬುದು ನನಗೆ ಎಂದಿನಿಂದಲೂ ಪ್ರಿಯವಾದ ವಿನೋದ.

ಯುಗಾದಿಗೆ ಕನ್ನಡ ಕೂಟದ ಔತಣವಿತ್ತು. ನನ್ನ ವಯಸ್ಸಿನವರೇ ಆದ ಜರಿಪೇಟದ ಸದ್ಗೃಹಸ್ಥರೊಬ್ಬರು ಮಗುವಿನ ಗಲ್ಲ ಹಿಡಿದು ಹೆಸರು ಕೇಳಿದರು.

“ನೀಲ್” ಎಂದನು ಅಳಿಯ.

“ಬಹಳ ಸಂತೋಷ. ಪೂರ್ತಿ ಹೆಸರು?”

“ನೀಲ್ ನಂಜುಂಡಯ್ಯ.”

ಅವರ ಹುಬ್ಬು ಮೇಲೇರಿ ಅಲ್ಲಿಯೇ ನಿಂತಿತು. “ಮೈಸೂರಿನಲ್ಲಿ ಯಾವ ಮೊಹಲ್ಲ?” “ಒಂಟಿಕೊಪ್ಪಲು.” “ಮನೆದೇವರು?” “ನಂಜನಗೂಡು.” “ಅದು ಸರಿಯೇ. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ನಡೆಯುವುದೋ?” “ಪೀಟ್ಸಾದ ಮೇಲೆ ನಡೆಯುತ್ತದೆ ಸಾರ್” ಎಂದು ಅಳಿಯನು ಕೂಸನ್ನೆತ್ತಿಕೊಂಡು ಹೊರಟುಹೋದನು. ಅವರು ನಿಟ್ಟುಸಿರಿಟ್ಟು, ಪಕ್ಕದಲ್ಲಿದ್ದ ತಮ್ಮ ಮೊಮ್ಮಗಳನ್ನು ನನಗೆ ತೋರಿಸಿ “ಮಾಯಾ” ಎಂದರು.

“ತಮ್ಮ ಹೆಸರು ತಿಳಿಯಲಿಲ್ಲ” ಎಂದೆ.

“ಮೂರ್ತಿ.”

ಕೃಷ್ಣಮೂರ್ತಿಯೋ, ಶಿವಮೂರ್ತಿಯೋ, ರಾಮಮೂರ್ತಿಯೋ? “ಮೂರ್ತಿಗೆ ಮೊದಲು ಏನಾದರೂ ಉಂಟೋ?” ಎಂದು ಕೇಳಿದೆ. ನನ್ನಾಕೆಯು ಹಿಂದಿನಿಂದ ತೋಳನ್ನು ಚಿವುಟಿದಳು.

“ಬರೀ ಮೂರ್ತಿ, ಸ್ವಾಮಿ.”

“ಮನೆದೇವರು?”

“ಧರ್ಮಸ್ಥಳ” ಎಂದು ಅವರು ಮುಗುಳ್ನಕ್ಕರು. ಅಲ್ಲಿ ದೇವರು ಶಿವ, ಅರ್ಚಕರು ಮಾಧ್ವರು, ಧರ್ಮಾಧಿಕಾರಿಗಳು ಜೈನರು. ಇನ್ನೇನು ಕೇಳುವುದೆಂದು ನಾನು ಯೋಚಿಸುತ್ತಿರುವಷ್ಟರಲ್ಲಿ, ಎಲೆ ಹಾಕಿದ್ದಾರೆಂದು ಯಾರೋ ಕೂಗಿದರು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು, ಕೋಸಂಬರಿಯಲ್ಲಿ ಈರುಳ್ಳಿಯಿದೆಯೇ ಎಂದು ಒಬ್ಬರೆಲೆಯನ್ನೊಬ್ಬರು ನೋಡತೊಡಗಿದೆವು.